ಪೀಣ್ಯದ ಬಯಲಿನಲ್ಲಿ ಬಿರುಸಿನ ಚೆಂಡು

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯವನ್ನು ಹಿಂದಿಟ್ಟು ಮುಂದೆ ಸಾಗುವವರಿಗೆ ಪೀಣ್ಯದ ಪರಿಚಯವಾಗುವುದು ಮೊದಲು ಕಿವಿಗೆ, ಆಮೇಲೆ ಮೂಗಿಗೆ, ಕೊನೆಗೆ ಕಣ್ಣಿಗೆ. ಲೇತ್ ಯಂತ್ರಗಳ ಎಡೆಬಿಡದ ಮೊರೆತ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಕಾದ ಎಣ್ಣೆಯ ವಾಸನೆ, ಹೆದ್ದಾರಿಯ ಧೂಳು ಇವನ್ನೆಲ್ಲ ದಾಟಿದ ಮೇಲೆಯೇ ಊರು ಕಾಣಿಸಿಕೊಳ್ಳುತ್ತದೆ. ೧೯೭೦ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಹೆಸರಿನ ಕಾರ್ಖಾನೆಗಳಿಗಿಂತ ಸಣ್ಣ ಷೆಡ್ಡುಗಳೇ ಹೆಚ್ಚು. ಎಲ್ಲಿಯೋ ಓಡುವ ಕಾರಿಗೆ, ಎಲ್ಲಿಯೋ ನೀರೆತ್ತುವ ಪಂಪಿಗೆ ಬೇಕಾದ ಒಂದು ಬೋಲ್ಟು, ಒಂದು ಗೇರು, ಒಂದು ಅಚ್ಚು ಇಲ್ಲಿಯ ಯಾವುದೋ ಅಡ್ಡರಸ್ತೆಯ ಷೆಡ್ಡಿನಲ್ಲಿ ಹುಟ್ಟುತ್ತದೆ.

೨೦೧೪ರ ಮಾರ್ಚಿಯಲ್ಲಿ ಮೆಟ್ರೋ ರೈಲು ಇಲ್ಲಿಯವರೆಗೆ ಬಂದಂದಿನಿಂದ ಪೀಣ್ಯವನ್ನು ಎತ್ತರದಿಂದ ನೋಡುವ ಅನುಕೂಲವೊಂದು ಒದಗಿದೆ. ಭಾನುವಾರ ಬೆಳಿಗ್ಗೆ ನಾಗಸಂದ್ರದ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿಯ ಬಳಿ ನಿಂತವರಿಗೆ ಬೇರೊಂದು ಪೀಣ್ಯವೇ ಗೋಚರಿಸುತ್ತದೆ. ಯಂತ್ರಗಳು ಮೌನವಾಗಿವೆ. ಷೆಡ್ಡುಗಳ ನಡುವೆ ಉಳಿದ ಖಾಲಿ ನಿವೇಶನಗಳಲ್ಲಿ, ಶಾಲೆಗಳ ಅಂಗಳಗಳಲ್ಲಿ, ಇನ್ನೂ ಮನೆ ಏಳದ ಬಡಾವಣೆಗಳಲ್ಲಿ ಎಲ್ಲಿ ನೋಡಿದರೂ ಕ್ರಿಕೆಟ್ಟು. ಒಂದೇ ಬಯಲಿನಲ್ಲಿ ಮೂರು ಪಂದ್ಯಗಳು ಸಾಗಿರುತ್ತವೆ. ಒಂದರ ಸ್ಲಿಪ್ಪಿನಲ್ಲಿ ನಿಂತವನು ಮತ್ತೊಂದರ ಮಿಡ್‌ಆನಿನಲ್ಲಿ ನಿಂತವನಿಗೆ ಬೆನ್ನು ತಾಗಿಸಿಕೊಂಡಿರುತ್ತಾನೆ. ಯಾರ ಚೆಂಡು ಯಾರದೆಂಬ ಗೊಂದಲ ಮಾತ್ರ ಅವರಿಗೆ ಎಂದೂ ಆಗುವುದಿಲ್ಲ!

ಇಂಥ ಪ್ರತಿಯೊಂದು ಬಯಲಿಗೂ ಒಬ್ಬ ವೀರನಿರುತ್ತಾನೆ. ಹದಿನಾರು, ಹದಿನೇಳರ ಪ್ರಾಯ; ನೀಳವಾದ ಕೈಕಾಲು. ಅವನು ದೂರದಿಂದ ಓಡಿ ಬರುವಾಗ ಪಕ್ಕದ ಪಂದ್ಯದವರೂ ಆಟ ನಿಲ್ಲಿಸಿ ತಿರುಗಿ ನೋಡುತ್ತಾರೆ. "ಬೆಂಕಿ, ಮಗಾ, ಬೆಂಕಿ!" ಎಂಬ ಕೂಗು ಏಳುತ್ತದೆ. ಅವನಿಗೆ ಗೊತ್ತಿರುವುದು ಒಂದೇ ವಿದ್ಯೆ, ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ನೇರವಾಗಿ ಚೆಂಡು ಹಾಕುವುದು. ಅಷ್ಟರಿಂದಲೇ ವಿಕೆಟ್ಟುಗಳು ಉರುಳುತ್ತವೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪಂದ್ಯವೇ ಆರೋ ಎಂಟೋ ಓವರುಗಳದು. ಬ್ಯಾಟು ಹಿಡಿದು ಬಂದವನಿಗೆ ಮೊದಲ ಚೆಂಡಿನಿಂದಲೇ ಬೀಸುವ ಆತುರ. ನೆಲವೋ ಉಬ್ಬುತಗ್ಗಿನದು. ಬಿರುಸಾಗಿ ಬಂದ ನೇರವಾದ ಚೆಂಡು ಇಲ್ಲಿ ಬ್ರಹ್ಮಾಸ್ತ್ರವೇ ಸರಿ. ಟೆನಿಸ್ ಚೆಂಡಿನ ತೂಕ ಸುಮಾರು ೫೮ ಗ್ರಾಂ, ಕ್ರಿಕೆಟ್ಟಿನ ತೊಗಲು ಚೆಂಡಿನದು ಸುಮಾರು ೧೬೦ ಗ್ರಾಂ. ಹಗುರವಾದ ಚೆಂಡು ಗಾಳಿಯಲ್ಲಿ ಬಹುಬೇಗ ವೇಗ ಕಳೆದುಕೊಳ್ಳುವುದರಿಂದ, ಅದನ್ನು ಬ್ಯಾಟಿನವರೆಗೂ ಬಿರುಸಾಗಿಯೇ ಮುಟ್ಟಿಸಬೇಕೆಂಬ ಹುಡುಗ ತೋಳನ್ನು ಇಮ್ಮಡಿ ಚುರುಕಾಗಿ ತಿರುಗಿಸಲು ಕಲಿಯುತ್ತಾನೆ. ಹೀಗೆ ಬೆಂಗಳೂರಿನ ಹೊರವಲಯದ ಬಯಲುಗಳು ಗುರುವಿಲ್ಲದೆಯೇ ವೇಗವನ್ನು ಕಲಿಸುತ್ತವೆ.

ಮನೆಯಲ್ಲಿ ಪ್ರಶ್ನೆ ಏಳುವುದು ಇಲ್ಲಿಂದಲೇ. ತಂದೆ ಷೆಡ್ಡಿನಲ್ಲಿ ಫಿಟ್ಟರು; ಮಗ ಡಿಪ್ಲೊಮಾ ಮುಗಿಸಿ ಅದೇ ಸಾಲಿನ ಯಾವುದಾದರೂ ಒಳ್ಳೆಯ ಕಾರ್ಖಾನೆಗೆ ಸೇರಲಿ ಎಂಬುದು ಅವನ ಆಸೆ. ಯಾರೋ ಹಿರಿಯರು ಬಂದು, "ನಿಮ್ಮ ಹುಡುಗನ ಕೈಯಲ್ಲಿ ವೇಗವಿದೆ ಯಜಮಾನರೇ, ಕ್ಲಬ್ಬಿಗೆ ಸೇರಿಸಿ" ಎಂದುಬಿಡುತ್ತಾರೆ. ಕ್ಲಬ್ಬೆಂದರೆ ಷೂಸು, ತೊಗಲು ಚೆಂಡು, ನಗರದ ಮಧ್ಯಕ್ಕೆ ಓಡಾಟ, ಕಾಲೇಜಿನ ಹಾಜರಿಗೆ ಕತ್ತರಿ. ಇಷ್ಟನ್ನೂ ಬರಿಯ ವೇಗವೊಂದನ್ನೇ ನಂಬಿ ಪಣಕ್ಕೊಡ್ಡಬಹುದೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಎಂಟನೆಯ ಮೈಲಿಯ ಪೀಣ್ಯ ದಾಸರಹಳ್ಳಿಯೇ ಅಭಿಮನ್ಯು ಮಿಥುನ್ ಅವರ ಊರು. ತಂದೆಯವರದು ವ್ಯಾಯಾಮಶಾಲೆ. ಮಗ ಮೊದಲು ಕೈಗೆತ್ತಿಕೊಂಡದ್ದು ಚೆಂಡನ್ನಲ್ಲ, ಡಿಸ್ಕಸ್ಸನ್ನು. ಹದಿನೇಳನೆಯ ವಯಸ್ಸಿನವರೆಗೆ ತೊಗಲು ಚೆಂಡಿನಿಂದ ಬೌಲ್ ಮಾಡಿದವರೇ ಅಲ್ಲ. ಆದರೂ ೨೦೦೯ರ ನವೆಂಬರಿನಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಮೀರತ್ತಿನಲ್ಲಿ ಉತ್ತರ ಪ್ರದೇಶದ ವಿರುದ್ಧ ತಮ್ಮ ಮೊದಲನೆಯ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸಾಧಿಸಿ, ಒಟ್ಟು ೧೧ ವಿಕೆಟ್ಟುಗಳನ್ನು ಕಿತ್ತರು. ಆ ಋತುವಿನಲ್ಲಿ ಅವರು ಪಡೆದ ೪೭ ವಿಕೆಟ್ಟುಗಳಿಗಿಂತ ಹೆಚ್ಚು ದೇಶದಲ್ಲಿ ಬೇರಾರಿಗೂ ದೊರೆಯಲಿಲ್ಲ. ಮೈಸೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕವು ಮುಂಬಯಿಗೆ ಕೇವಲ ಆರು ರನ್ನುಗಳಿಂದ ಸೋತದ್ದನ್ನು ಮರೆತವರು ಕಡಿಮೆ. ೨೦೧೦ರ ಜುಲೈ ತಿಂಗಳಲ್ಲಿ ಗಾಲೆಯಲ್ಲಿ ಶ್ರೀಲಂಕೆಯ ವಿರುದ್ಧ ಟೆಸ್ಟು ಪ್ರವೇಶ. ಮೊದಲ ಸರದಿಯಲ್ಲೇ ನಾಲ್ಕು ವಿಕೆಟ್ಟು. ವ್ಯಾಯಾಮಶಾಲೆಯ ಹುಡುಗನೊಬ್ಬ ಮೂರೇ ವರ್ಷಗಳಲ್ಲಿ ದಾಸರಹಳ್ಳಿಯಿಂದ ಸಮುದ್ರ ದಾಟಿದ್ದು ಮುಖ್ಯವಾಗಿ ವೇಗದ ಬಲದಿಂದಲೇ ಎನ್ನಬೇಕು.

ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಮಿಥುನ್ ಒಟ್ಟು ನಾಲ್ಕು ಟೆಸ್ಟುಗಳನ್ನಾಡಿ ಒಂಬತ್ತು ವಿಕೆಟ್ಟು ಪಡೆದರು. ೨೦೧೧ರ ಅನಂತರ ಮತ್ತೆ ಕರೆ ಬರಲಿಲ್ಲ. ಬಾಗಿಲು ತೆರೆಸಿದ ವೇಗ ಒಳಗೆ ಕೂರಿಸಲು ಸಾಲದಾಯಿತು.

ಏಕೆ ಹೀಗೆ? ಇಪ್ಪತ್ತೆರಡು ಗಜದ ಪಿಚ್ಚಿನಲ್ಲಿ ಗಂಟೆಗೆ ೧೪೫ ಕಿಲೋಮೀಟರು ವೇಗದ ಚೆಂಡು ಕೈಬಿಟ್ಟ ಗಳಿಗೆಯಿಂದ ಬ್ಯಾಟನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಚೆಂಡನ್ನು ಕಣ್ಣಾರೆ ಕಂಡು ಆಮೇಲೆ ಯೋಚಿಸುವಷ್ಟು ಅವಕಾಶ ಯಾವ ಬ್ಯಾಟುಗಾರನಿಗೂ ಇಲ್ಲ. ಅವನು ಆಡುವುದು ಊಹೆಯ ಮೇಲೆ. ಬೌಲರನ ಓಟ, ಭುಜ, ಮಣಿಕಟ್ಟು, ಚೆಂಡು ಹೊರಟ ಎತ್ತರ ಇವುಗಳಿಂದ ಅದು ಬೀಳುವ ಜಾಗವನ್ನು ಮುಂಚೆಯೇ ಲೆಕ್ಕ ಹಾಕಿಬಿಡುತ್ತಾನೆ. ಬಯಲಿನ ಬ್ಯಾಟುಗಾರನಿಗೆ ಈ ಲೆಕ್ಕ ಬರುವುದಿಲ್ಲ. ಅವನಿಗೆ ವೇಗವೇ ಯಮ. ನೆಟ್ಟುಗಳಲ್ಲಿ ದಿನವೂ ಅಂಥ ಚೆಂಡುಗಳನ್ನೇ ಎದುರಿಸಿ ಪಳಗಿದವನಿಗೋ ಮೊದಲ ಎರಡು ಓವರು ಮಾತ್ರ ಭಯ. ಮೂರನೆಯದರಲ್ಲಿ ಅದೇ ವೇಗ, ಅದೇ ಜಾಗ, ಅದೇ ಎತ್ತರವಾದರೆ ಲೆಕ್ಕ ಕೈಗೆ ಹತ್ತಿಬಿಡುತ್ತದೆ. ಆಮೇಲೆ ಬೌಲರನ ಬಲವೇ ಬ್ಯಾಟುಗಾರನ ಬಲ. ತಾಗಿಸಿದರೆ ಸಾಕು, ಚೆಂಡು ಗಡಿ ಮುಟ್ಟುತ್ತದೆ.

ಅಮೆರಿಕದ ಬೇಸ್‌ಬಾಲಿನಲ್ಲೂ ಇದೇ ಚರ್ಚೆ. ಅಲ್ಲಿ ಚೆಂಡು ನೆಲ ಮುಟ್ಟದೆ ೧೮.೪೪ ಮೀಟರುಗಳಾಚೆಯಿಂದ ನೇರವಾಗಿ ಬರುತ್ತದೆ. ಆದುದರಿಂದ ವೇಗಕ್ಕೆ ಅಲ್ಲಿ ಬೆಲೆ ಹೆಚ್ಚೆಂದು ತೋರಬಹುದು. ೨೦೦೮ರಲ್ಲಿ ಭಾರತದಲ್ಲಿ ಸ್ಪರ್ಧೆ ನಡೆಸಿ, ಅತಿ ಬಿರುಸಾಗಿ ಎಸೆಯಬಲ್ಲ ಯುವಕರನ್ನು ಅಮೆರಿಕದವರು ಹುಡುಕಿದರು. ಆರಿಸಿಬಂದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಉತ್ತರ ಪ್ರದೇಶದ ಈಟಿ ಎಸೆತಗಾರರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರೊಡನೆ ಒಪ್ಪಂದ ಮಾಡಿಕೊಂಡಿತು. ದಾಸರಹಳ್ಳಿಯ ಡಿಸ್ಕಸ್ಸಿಗೂ ಈ ಈಟಿಗೂ ಎಂಥ ಸಾಮ್ಯ! ಇಬ್ಬರೂ ಕೆಳಗಿನ ಲೀಗುಗಳಲ್ಲಿ ಆಡಿದರು. ಅತ್ಯುನ್ನತ ಲೀಗನ್ನು ಮುಟ್ಟಲಾಗಲಿಲ್ಲ.

ಕ್ರಿಕೆಟ್ಟಿನಲ್ಲಿ ಬೌಲರನಿಗೆ ನೆಲವೆಂಬ ಸಹಾಯಕನಿದ್ದಾನೆ. ಸೀಮು ನೆಲಕ್ಕೆ ತಾಗಿ ಚೆಂಡು ಆಚೀಚೆ ಸರಿಯುವುದು, ಒಂದು ಅಡಿ ಹಿಂದೆಯೋ ಮುಂದೆಯೋ ಬಿದ್ದು ಬೇರೆ ಎತ್ತರಕ್ಕೆ ಏಳುವುದು ಅವನ ಕೃಪೆಯಿಂದ. ಮೈಸೂರಿನ ಜಾವಗಲ್ ಶ್ರೀನಾಥರು ಇದನ್ನು ಅರಿತಿದ್ದರು. ೧೯೯೧ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟು ಆಡತೊಡಗಿದಾಗ ಅವರ ಬಂಡವಾಳ ವೇಗ ಮತ್ತು ಒಳಕ್ಕೆ ನುಗ್ಗುವ ಚೆಂಡು. ೧೯೯೭ರಲ್ಲಿ ಭುಜಕ್ಕೆ ಪೆಟ್ಟಾಗಿ ತಿಂಗಳುಗಟ್ಟಲೆ ಆಟದಿಂದ ದೂರವಿರಬೇಕಾಯಿತು. ೧೯೯೯ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಸರದಿಯಲ್ಲಿ ೮೬ ರನ್ನಿಗೆ ಎಂಟು ವಿಕೆಟ್ಟು ಕಿತ್ತದ್ದು ಆ ಪೆಟ್ಟಿನ ತರುವಾಯವೇ! ೬೭ ಟೆಸ್ಟುಗಳಲ್ಲಿ ೨೩೬ ವಿಕೆಟ್ಟುಗಳು ಬರಿಯ ತೋಳಿನ ಬಲದಿಂದ ಬರತಕ್ಕವಲ್ಲ. ಅವರ ಜೊತೆಗಾರ ವೆಂಕಟೇಶ ಪ್ರಸಾದರಲ್ಲಿ ವೇಗ ಕಡಿಮೆ. ಆದರೆ ಅದೇ ಓಟದಲ್ಲಿ, ಅದೇ ತೋಳಿನಿಂದ ತಡವಾಗಿ ಬಂದು ಹೊರಕ್ಕೆ ತಿರುಗುವ ಅವರ ಲೆಗ್‌ಕಟರು ದೊಡ್ಡ ದೊಡ್ಡವರನ್ನು ಮೋಸಗೊಳಿಸಿತು.

ಹಾಗೆಂದು ವೇಗವನ್ನು ಕಡೆಗಣಿಸುವಂತಿಲ್ಲ. ದಾವಣಗೆರೆಯ ವಿನಯ್ ಕುಮಾರ್ ಅವರನ್ನು ನೋಡಬಹುದು. ಹೊರಕ್ಕೆ ಸರಿಯುವ ಚೆಂಡು, ಜಾಗದ ಮೇಲಿನ ಹಿಡಿತ, ತಾಳ್ಮೆ ಎಲ್ಲವೂ ಅವರಲ್ಲಿತ್ತು. ಪ್ರಥಮ ದರ್ಜೆಯಲ್ಲಿ ೫೦೦ಕ್ಕೂ ಮಿಗಿಲಾಗಿ ವಿಕೆಟ್ಟು ಪಡೆದು, ೨೦೧೩–೧೪ ಮತ್ತು ೨೦೧೪–೧೫ರಲ್ಲಿ ನಾಯಕರಾಗಿ ರಣಜಿ ಟ್ರೋಫಿಯನ್ನು ಕರ್ನಾಟಕಕ್ಕೆ ತಂದರು. ಆದರೆ ೨೦೧೨ರಲ್ಲಿ ಪರ್ತಿನ ಗಟ್ಟಿ ನೆಲದ ಮೇಲೆ ಆಸ್ಟ್ರೇಲಿಯದವರು ಅವರನ್ನು ಬಡಿದರು. ಅದೇ ಅವರ ಏಕೈಕ ಟೆಸ್ಟಾಯಿತು. ಎಲ್ಲವೂ ಇದ್ದು ವೇಗವೊಂದೇ ಕಡಿಮೆಯಾದವರಿಗೆ ಒಂದು ಟೆಸ್ಟು. ವೇಗವಿದ್ದು ಉಳಿದುದಿನ್ನೂ ಮಾಗದವರಿಗೆ ನಾಲ್ಕು.

ನಗರದ ಮತ್ತೊಂದು ಅಂಚಿನಲ್ಲಿ ರೋಗ ತಿರುಗುಮುರುಗಾಗಿದೆ. ೧೮೮೨ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲೂ, ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಮೊದಲಾದ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಖಾಲಿ ಬಯಲೆಂಬುದು ಅಪರೂಪ. ಸುತ್ತ ಬಲೆ ಕಟ್ಟಿ, ಹಸಿರು ಹಾಸು ಹಾಸಿ, ದೀಪ ಹಚ್ಚಿದ ಅಂಕಣಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತವೆ. ಕಚೇರಿ ಮುಗಿಸಿದ ಇಂಜಿನಿಯರುಗಳು ರಾತ್ರಿ ಹತ್ತಕ್ಕೆ ಅಲ್ಲಿ ಸೇರುತ್ತಾರೆ. ಅವರ ಮಕ್ಕಳು ಶನಿವಾರ ಬರುತ್ತಾರೆ. ಅಲ್ಲಿ ಹತ್ತು ಹೆಜ್ಜೆ ಓಡಲೂ ಸ್ಥಳ ಸಾಲದು. ಹನ್ನೆರಡರ ಬಾಲಕ ಮೊಬೈಲಿನಲ್ಲಿ ನೋಡಿ ನಿಧಾನದ ಚೆಂಡನ್ನೂ ಬೆರಳು ಮಡಚಿ ಹಾಕುವ ಚೆಂಡನ್ನೂ ಕಲಿತಿರುತ್ತಾನೆ. ವೇಗದ ಚೆಂಡು ಇನ್ನೂ ಬಂದಿರುವುದಿಲ್ಲ. ಯಾವುದರಿಂದ ನಿಧಾನವಾಗಬೇಕೋ ಅದೇ ಇಲ್ಲದಿದ್ದರೆ ನಿಧಾನದ ಚೆಂಡಿಗೆ ಅರ್ಥವೇನು? ಪೀಣ್ಯದ ಹುಡುಗ ಈ ವಿಷಯದಲ್ಲಿ ಅದೃಷ್ಟಶಾಲಿ.

ಹೆತ್ತವರು ನಿಜವಾಗಿ ಅಂಜಬೇಕಾದದ್ದು ಬೇರೊಂದಕ್ಕೆ. ೨೦೨೪ರ ಏಪ್ರಿಲ್ ೨ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೆಹಲಿಯ ಮಯಾಂಕ್ ಯಾದವ್ ಎಂಬ ಇಪ್ಪತ್ತೊಂದರ ಯುವಕ ೧೫೬.೭ ಕಿಲೋಮೀಟರು ವೇಗದ ಚೆಂಡು ಹಾಕಿ, ೧೪ ರನ್ನಿಗೆ ಮೂವರನ್ನು ಉರುಳಿಸಿದಾಗ ನೆರೆದವರು ಬೆರಗಾದರು. ಐದೇ ದಿನಗಳ ತರುವಾಯ, ಮುಂದಿನ ಪಂದ್ಯದಲ್ಲಿ, ಒಂದು ಓವರು ಮುಗಿಸಿ ಪಕ್ಕೆ ಹಿಡಿದುಕೊಂಡು ಆತ ಹೊರನಡೆದ. ಮುಂದೆ ಬೆನ್ನಿನ ತೊಂದರೆಯೂ ಸೇರಿಕೊಂಡಿತು. ಹದಿಹರೆಯದ ಬೆನ್ನುಮೂಳೆ ಇನ್ನೂ ಗಟ್ಟಿಯಾಗುತ್ತಿರುವಾಗ, ಓಡಿ ಬಂದು ಕಾಲೂರಿ ಮೈಯನ್ನು ತಿರುಚುವ ಈ ಕೆಲಸ ಅದರಲ್ಲಿ ಸೂಕ್ಷ್ಮವಾದ ಬಿರುಕುಗಳನ್ನು ಮೂಡಿಸುವುದುಂಟು. ಆದುದರಿಂದಲೇ ಇಂಗ್ಲೆಂಡಿನಲ್ಲಿ ಎಳೆಯ ವೇಗದ ಬೌಲರುಗಳು ದಿನಕ್ಕೆ ಇಷ್ಟೇ ಓವರು ಹಾಕಬೇಕೆಂದು ವಯಸ್ಸಿಗೆ ತಕ್ಕಂತೆ ಮಿತಿ ಗೊತ್ತುಮಾಡಿದ್ದಾರೆ. ಭಾನುವಾರ ಮೂರು ತಂಡಗಳಿಗಾಗಿ ಮೂರು ಪಂದ್ಯವಾಡುವ ಪೀಣ್ಯದ ವೀರನಿಗೆ ಅಂಥ ಮಿತಿಯನ್ನು ಹಾಕುವವರು ತಾಯಿತಂದೆಗಳೇ ಆಗಬೇಕು.

ಬರಿಯ ವೇಗದಿಂದ ಹುಡುಗ ಬಯಲನ್ನು ಗೆಲ್ಲಬಹುದು, ಕ್ಲಬ್ಬಿನ ಬಾಗಿಲು ತಟ್ಟಬಹುದು. ಅಲ್ಲಿಂದಾಚೆಗೆ ಅವನಿಗೆ ಮೊದಲು ಬೇಕಾಗುವುದು ಹತ್ತು ಬಗೆಯ ಚಮತ್ಕಾರಗಳಲ್ಲ. ಅದೇ ಬಿರುಸಿನ ಚೆಂಡನ್ನು ಬೇಕೆಂದ ಜಾಗದಲ್ಲಿ, ಸೀಮನ್ನು ನೆಟ್ಟಗೆ ನಿಲ್ಲಿಸಿ, ದಿನದ ಕೊನೆಯ ಓವರಿನಲ್ಲೂ ಹಾಕಬಲ್ಲ ಹತೋಟಿ. ಯಾರ್ಕರು, ನಿಧಾನದ ಚೆಂಡು ಇವೆಲ್ಲ ಆಮೇಲಿನವು. ಕಲಿಸುವ ಆತುರದಲ್ಲಿ ವೇಗವನ್ನು ಕತ್ತರಿಸಿ ಹಾಕುವ ಗುರುವಿನಿಂದ ಹುಡುಗನನ್ನು ದೂರವಿಡುವುದೇ ಮೇಲು.

ಈ ಕಲಿಕೆಗೆ ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೂ ದಾಸರಹಳ್ಳಿಯದೇ ಸಾಕ್ಷಿ. ಭಾರತ ತಂಡದಿಂದ ಹೊರಗುಳಿದ ಮಿಥುನ್ ಕರ್ನಾಟಕಕ್ಕಾಗಿ ಆಡುತ್ತಲೇ ಹೋದರು. ೨೦೧೯ರ ಅಕ್ಟೋಬರ್ ೨೫ರಂದು, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ ಹ್ಯಾಟ್ರಿಕ್ ಸಾಧಿಸಿದರು. ಒಂದು ತಿಂಗಳು ಕಳೆದ ಸ್ವಲ್ಪದರಲ್ಲೇ ಸೂರತ್ತಿನಲ್ಲಿ ಹರಿಯಾಣದ ವಿರುದ್ಧದ ಇಪ್ಪತ್ತು ಓವರುಗಳ ಪಂದ್ಯದಲ್ಲಿ, ಎದುರಾಳಿಗಳು ಕಣ್ಣುಮುಚ್ಚಿ ಬೀಸುವ ಕೊನೆಯ ಓವರಿನಲ್ಲಿ, ಮೊದಲ ನಾಲ್ಕು ಚೆಂಡುಗಳಿಗೆ ನಾಲ್ಕು, ಕಡೆಯ ಚೆಂಡಿಗೆ ಇನ್ನೊಂದು, ಒಟ್ಟು ಐದು ವಿಕೆಟ್ಟು! ೨೦೨೧ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯ ೧೦೩ ಪಂದ್ಯಗಳಿಂದ ಅವರು ಗಳಿಸಿದ್ದ ವಿಕೆಟ್ಟುಗಳು ೩೩೮.