ಅಜ್ಜಿಯ ಕಾಡಿಗೆ ವೀಗನ್ ಅಲ್ಲ

ಖಾನಾಪುರದ ನಮ್ಮಜ್ಜಿಯ ಶೃಂಗಾರದ ಸಾಮಾನಿನಲ್ಲಿ ಕಾರ್ಖಾನೆಯಿಂದ ಬಂದದ್ದು ಒಂದೂ ಇರಲಿಲ್ಲ. ಎಲ್ಲ ಹಿತ್ತಲದ್ದು, ಅಡಿಗೆಮನೆಯದ್ದು, ಹೆಚ್ಚೆಂದರೆ ವಾರದ ಸಂತೆಯದ್ದು. ಅಷ್ಟಾಗಿಯೂ ಇವತ್ತಿನ ಪರೀಕ್ಷೆಯಲ್ಲಿ ಆಕೆ ನಪಾಸಾದಳು. ಕಾಡಿಗೆಯಲ್ಲಿ ಆಕಳ ತುಪ್ಪ, ಕುಂಕುಮದ ಕೆಳಗೆ ಜೇನುಮೇಣ, ಚಳಿಗಾಲಕ್ಕೆ ತುಟಿಗೆ ಬೆಣ್ಣೆ, ಹಬ್ಬದ ಮುನ್ನಾದಿನ ಮುಖಕ್ಕೆ ಹಾಲಿನ ಕೆನೆ. ನೈಸರ್ಗಿಕ ಹೌದು, ವೀಗನ್ ಅಲ್ಲ ಎಂದು ತೀರ್ಪು ಕೊಟ್ಟವಳು ಪುಣೆಯಲ್ಲಿ ನೌಕರಿ ಮಾಡುವ ನನ್ನ ತಂಗಿಯ ಮಗಳು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾದ್ದರಿಂದ ಮೇಲ್ಮನವಿ ಸಲ್ಲಿಸುವವರು ಯಾರೂ ಇರಲಿಲ್ಲ.

ಈ ಹುಡುಗಿ ಪ್ರಾಣಿಗಳಿಂದ ಬಂದದ್ದು ಯಾವುದೂ ಬೇಡವೆಂದು ಪಣ ತೊಟ್ಟು ಮೊದಲು ಹಾಲು ಬಿಟ್ಟಳು, ಆಮೇಲೆ ಮೊಸರು ಬಿಟ್ಟಳು. ಮನೆಯವರು ಸಹಿಸಿಕೊಂಡರು. ಬೆಳಗಾವಿಯಲ್ಲಿ ಹುಟ್ಟಿ ಕುಂದಾ ಬಿಟ್ಟಳು ಎಂದಾಗ ಮಾತ್ರ ನನ್ನ ತಂಗಿ ಕಣ್ಣೀರು ಹಾಕಿದಳು. ತಿನ್ನುವುದರ ಬಾಬತ್ತು ಮುಗಿದ ಮೇಲೆ ಹುಡುಗಿಯ ಕಣ್ಣು ಹಚ್ಚಿಕೊಳ್ಳುವುದರ ಮೇಲೆ ಬಿತ್ತು. ದೀಪಾವಳಿಗೆಂದು ಟಿಳಕವಾಡಿಯ ನಮ್ಮ ಮನೆಗೆ ಬಂದವಳು ನನ್ನ ಕನ್ನಡಿಯ ಡ್ರಾವರ್ ಎಳೆದು, ಒಂದೊಂದೇ ಡಬ್ಬಿ ತಿರುವಿ, ಹಿಂಬದಿಯ ಇರುವೆಸಾಲಿನಂಥ ಅಕ್ಷರ ಓದತೊಡಗಿದಳು.

"ಮೌಶಿ, ನಿನ್ನ ಲಿಪ್‌ಸ್ಟಿಕ್ಕಿನ್ಯಾಗ ಹುಳಾ ಅದಾವು."

ನಾನು ಗಾಬರಿಯಾಗಿ ಮುಚ್ಚಳ ತೆಗೆದು ನೋಡಿದೆ.

"ಹಂಗ ಕಾಣಂಗಿಲ್ಲ ಅವು. ಸಿಐ 75470 ಅಂತ ಬರದಾರ ನೋಡು. ಅದ ಹುಳಾ."

ಆ ನಂಬರು ಕಾರ್ಮೈನ್ ಎಂಬ ಕೆಂಪಿನದು. ಪಾಪಾಸುಕಳ್ಳಿಯ ರಸ ಹೀರಿ ಬದುಕುವ ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ, ಅರೆದು ತೆಗೆಯುವ ಬಣ್ಣ. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಹುಳು ಬೇಕಂತೆ. ಮೆಕ್ಸಿಕೊ, ಪೆರು ಕಡೆಯ ಸರಕು ಇದು. ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಗೂ ಇದರ ಆಸೆ ಹತ್ತಿತು. ಜೇಮ್ಸ್ ಆಂಡರ್ಸನ್ ಎಂಬ ವೈದ್ಯ ಮದ್ರಾಸಿನಲ್ಲಿ ಇದಕ್ಕಾಗಿ ಕಳ್ಳಿಯ ತೋಟವನ್ನೇ ಹಾಕಿಸಿದ. ಹುಳುವೇನೋ ಬಂತು, ಆದರೆ ಜಾತಿ ಬೇರೆ. ಒಳ್ಳೆಯ ಬಣ್ಣ ಕೊಡುವ ಬದಲು ನಾಡಿನ ಕಳ್ಳಿಯನ್ನೇ ತಿಂದು ತೇಗಿತು. ಕಂಪನಿಯನ್ನು ಏಮಾರಿಸಿದ ಹುಳು ಎಂದು ನನಗೆ ಅದರ ಮೇಲೆ ಸ್ವಲ್ಪ ಗೌರವವೇ ಹುಟ್ಟಿದೆ. ಅದರ ಅಮೆರಿಕದ ದಾಯಾದಿಗಳನ್ನು ತುಟಿಗೆ ಬಳಿದುಕೊಂಡು ನಾನು ಇಷ್ಟು ವರ್ಷ ಸತ್ಯನಾರಾಯಣ ಪೂಜೆಗೆ ಹೋಗಿ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಮಾಡಿ ಬರುತ್ತಿದ್ದೆ.

ಡ್ರಾವರ್ ಪೂರ್ತಿ ಖಾಲಿಯಾಗುವ ಹೊತ್ತಿಗೆ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಸಿಕ್ಕಿತು, ಅರಗು ಸಿಕ್ಕಿತು, ಜೇನುಮೇಣವಂತೂ ಎಲ್ಲ ಕಡೆ. ಉಳಿದದ್ದು ಒಂದು ಪೌಡರ್ ಡಬ್ಬಿ ಮತ್ತು ಬಾಚಣಿಗೆ.

ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎನ್ನಲು ಡಬ್ಬಿಗಳ ಮೇಲೆ ಜಿಗಿಯುವ ಮೊಲದ ಚಿತ್ರ ಇರುತ್ತದಲ್ಲ, ಅದರ ಕಥೆ ಬೇರೆ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮೊಲದ ಕಣ್ಣಿಗೆ ಶಾಂಪೂ, ಮಸ್ಕಾರದಂಥವನ್ನು ಹಾಕಿ ಎಷ್ಟು ಉರಿಯುತ್ತದೆಂದು ಅಳೆಯುವ ಪರೀಕ್ಷೆ ಪ್ರಕಟಿಸಿದ. ಮೊಲಕ್ಕೆ ಕಣ್ಣೀರು ಕಡಿಮೆ, ಹಾಕಿದ್ದು ಬೇಗ ತೊಳೆದು ಹೋಗುವುದಿಲ್ಲ, ಮೇಲಾಗಿ ಸಾಧು. ಅದೇ ವರ್ಷ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದರು. ನಮ್ಮ ದೇಶದಲ್ಲಿ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿದರು. ಹಾಗೆ ಪರೀಕ್ಷಿಸಿದ ಮಾಲಿನ ಆಮದೂ ಅದೇ ವರ್ಷ ನಿಂತಿತು. ಅಂದಮೇಲೆ ಇಲ್ಲಿ ತಯಾರಾದ ಲಿಪ್‌ಸ್ಟಿಕ್ಕಿನ ಮೇಲೆ ಮೊಲದ ಚಿತ್ರ ಹಾಕಿ ನೂರು ರೂಪಾಯಿ ಹೆಚ್ಚು ಕೇಳುವುದು, ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿದ್ದಕ್ಕೆ ಬಕ್ಷೀಸು ಕೇಳಿದ ಹಾಗೆ.

ಬೆಳಗಾವಿಯವರಿಗೆ ಪ್ರಾಣಿಗಳ ಋಣ ಹೊಸದಲ್ಲ. ನಾವು ಬೆಳಿಗ್ಗೆ ವಾಕಿಂಗ್ ಹೋಗುವ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಆ ಹೆಸರು ಬಂದದ್ದೇ ಅಲ್ಲಿದ್ದ ಲಸಿಕೆ ಸಂಸ್ಥೆಯಿಂದ. ಸಿಡುಬಿನ ಲಸಿಕೆಯನ್ನು ಒಂದು ಕಾಲಕ್ಕೆ ಕರುಗಳ ಚರ್ಮದ ಮೇಲೆ ಬೆಳೆಸುತ್ತಿದ್ದರು. ಸಿಡುಬು ಹೋಗಲಿಕ್ಕೆ ಕರು ಬೇಕಾಯಿತು, ಒಪ್ಪೋಣ. ರೆಪ್ಪೆ ಕಪ್ಪಾಗಲಿಕ್ಕೆ ಮೊಲದ ಕಣ್ಣು ಯಾಕೆ ಬೇಕಿತ್ತೋ ನನಗೆ ಇನ್ನೂ ತಿಳಿದಿಲ್ಲ. ಈ ವಿಷಯದಲ್ಲಿ ನಾನು ಪೂರಾ ಹುಡುಗಿಯ ಪಕ್ಷ.

ಪಕ್ಷ ಸೇರಿದ ಮೇಲೆ ಚಿಹ್ನೆ ಬೇಕಲ್ಲ. ಇಬ್ಬರೂ ಗಣಪತಿ ಗಲ್ಲಿಗೆ ಹೋದೆವು. ಕಟ್ಲರಿ ಅಂಗಡಿಯ ಮಾಲಕ ಬಳೆ ಡಬ್ಬಿ ಸರಿಸಿ ಎದ್ದ.

"ವೀಗನ್ ಲಿಪ್‌ಸ್ಟಿಕ್ ಅದಾವೇನ್ರಿ?"

"ಆ ಕಂಪನಿದು ಖಲಾಸ್ ಆಗೇದ್ರಿ ಅಕ್ಕಾರ. ಮುಂದಿನ ವಾರ ಬರತೈತಿ."

ಹುಡುಗಿ ತಾಳ್ಮೆಯಿಂದ ಅರ್ಥ ಬಿಡಿಸಿ ಹೇಳಿದಳು. ಆತ ನಕ್ಕ. "ಶುದ್ಧ ಶಾಕಾಹಾರಿ ಅನ್ರಿ ಮತ್ತ! ನಮ್ಮಲ್ಲೆ ಎಲ್ಲಾ ವೆಜ್ಜ ಅದಾವ್ರಿ. ಇದೇನ್ ಹೋಟೆಲ್ ಏನ್ರಿ?"

ಕೊನೆಗೆ ಮೊಬೈಲಿನಲ್ಲೇ ತರಿಸಿದೆವು. ಬೀಟ್‌ರೂಟಿನ ತುಟಿರಂಗು, ಬಾದಾಮಿ ಮಸಿಯ ಕಾಡಿಗೆ, ಯಾವುದೋ ಗಿಡದ ಮೇಣದ ಕೆನ್ನೆಬಣ್ಣ. ಬೆಲೆ ಹೇಳುವುದಿಲ್ಲ, ಯಜಮಾನರೂ ಈ ಪತ್ರಿಕೆ ಓದುತ್ತಾರೆ. ಬೀಟ್‌ರೂಟ್ ಹಚ್ಚಿಕೊಂಡು ಆಫೀಸಿಗೆ ಹೋದ ದಿನ ಸಿಪಾಯಿ ಚಹಾ ಇಟ್ಟು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದ: "ಬಾಯಾರ, ಎಲಿ-ಅಡಿಕಿ ಸುರು ಮಾಡೀರೇನ್ರಿ?" ಚಹಾ ಕುಡಿದು ಮುಗಿಯುವಷ್ಟರಲ್ಲಿ ಬಣ್ಣ ಕಪ್ಪಿಗೆ ವರ್ಗಾವಣೆಯಾಗಿತ್ತು. ಬೀಟ್‌ರೂಟಿನ ಬಣ್ಣದ ಸ್ವಭಾವವೇ ಹಾಗೆ, ಬೆಳಕು, ಬಿಸಿ, ಎಂಜಲು ಯಾವುದಕ್ಕೂ ತಡೆಯುವುದಿಲ್ಲ. ಕಾಡಿಗೆಯ ಪರೀಕ್ಷೆಯನ್ನು ಶ್ರಾವಣದ ಮಳೆ ಮಾಡಿತು. ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಗಾಜು ಪೂರ್ತಿ ಮುಚ್ಚುವುದಿಲ್ಲ, ಅದು ಪದ್ಧತಿ. ಇಳಿದು ಮನೆಯ ಮೆಟ್ಟಿಲು ಹತ್ತಿದಾಗ ಸೋದರತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಯಾರ್ ಹೋದರವ್ವಾ?" ಎಂದು ಸೆರಗು ಬಾಯಿಗೆ ಹಿಡಿದಳು.

ಹುಡುಗಿಗಿಂತ ಮೊದಲೇ ಈ ಹಾದಿಯಲ್ಲಿದ್ದವಳು ಶಹಾಪುರದ ನನ್ನ ಜೈನ ಗೆಳತಿ. ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲಬಸದಿ ಇರುವ ಬೆಳಗಾವಿಯಲ್ಲಿ ಇದೆಲ್ಲ ಪುಣೆಯಿಂದ ಬರಬೇಕಾಗಿರಲಿಲ್ಲ. ಅವರ ಮನೆಯಲ್ಲಿ ಜೇನು ನಿಷಿದ್ಧ. "ತಿನ್ನಂಗಿಲ್ಲ ಅಂದಮ್ಯಾಲ ತುಟಿಗೆ ಹೆಂಗ ಹಚ್ಚೋದ್ರಿ?" ಎಂದು ಅಂಗಡಿಯವನಿಗೆ ಮೊದಲೇ ಕೇಳುತ್ತಾಳೆ, ಮೇಣ ಇದ್ದರೆ ವಾಪಸು. ರೇಷ್ಮೆಯನ್ನೂ ಉಡುವುದಿಲ್ಲ. ಆದರೆ ತುಪ್ಪದ ಕಾಡಿಗೆಗೆ ಅವಳ ತಕರಾರಿಲ್ಲ. ಹುಡುಗಿಯೂ ಇವಳೂ ನನ್ನ ಸೋಫಾದ ಮೇಲೆ ಕೂತು ಆಕಳ ತುಪ್ಪದ ಮೇಲೆ ವಾದ ಮಾಡಿದ ಸಂಜೆ ನಾನು ಒಳಗೆ ಹೋಗಿ ಎಲ್ಲರಿಗೂ ಒಪ್ಪಿಗೆಯಾಗುವ ಚುರುಮುರಿ ಕಲಸಿಕೊಂಡು ಬಂದೆ.

ಆ ತುಪ್ಪದ ಕಾಡಿಗೆ ಮಾಡುವುದನ್ನು ನಾನು ಹತ್ತಿರದಿಂದ ನೋಡಿದವಳು. ಅಜ್ಜಿ ಗರಗದ ಸೊಪ್ಪು ಜಜ್ಜಿ, ರಸದಲ್ಲಿ ಬಿಳಿ ಪಂಚೆಯ ತುಂಡು ಅದ್ದಿ ನೆರಳಲ್ಲಿ ಒಣಗಿಸುತ್ತಿದ್ದಳು. ಅದನ್ನೇ ಬತ್ತಿ ಹೊಸೆದು ಔಡಲೆಣ್ಣೆಯ ಹಣತೆಯಲ್ಲಿ ಹಚ್ಚಿ, ಎರಡು ಬದಿಗೆ ಇಟ್ಟಿಗೆ ನಿಲ್ಲಿಸಿ, ಮೇಲೆ ಹಿತ್ತಾಳೆ ತಾಟು ಬೋರಲು ಹಾಕುವಳು. ರಾತ್ರಿಯೆಲ್ಲ ಉರಿದು ಬೆಳಿಗ್ಗೆ ತಾಟಿನ ಹೊಟ್ಟೆಗೆ ಮಖಮಲ್ಲಿನ ಕಪ್ಪು ಕಟ್ಟಿರುತ್ತಿತ್ತು. ಕೋಳಿಗರಿಯಿಂದ ಅದನ್ನು ಕೆರೆದು (ಕೋಳಿಗರಿಯ ಮಾತು ಹುಡುಗಿಗೆ ನಾನು ಹೇಳಿಲ್ಲ), ತುಪ್ಪ, ಚೂರು ಪಚ್ಚಕರ್ಪೂರ ಹಾಕಿ ಅಂಗೈಯಲ್ಲಿ ತಿಕ್ಕುತ್ತಿದ್ದಳು. ಮೊಮ್ಮಕ್ಕಳನ್ನು ಸಾಲಾಗಿ ಕೂಡಿಸಿ, ಎಡಗೈಯಿಂದ ಗದ್ದ ಹಿಡಿದು, ಬಲಗೈಯ ತುದಿಬೆರಳಿಂದ ಒಂದೇ ಎಳೆತ. ಕಣ್ಣು ಚುರುಗುಟ್ಟಿ ನೀರು ಬರುವುದು. ಡ್ರೇಜ್ ಪರೀಕ್ಷೆಗೆ ನಾವೂ ಒಳಗಾಗಿದ್ದೆವು ಎನ್ನಬೇಕು, ಆದರೆ ನಮಗೆ ಆಮೇಲೆ ಕೊಬ್ಬರಿ-ಬೆಲ್ಲ ಸಿಗುತ್ತಿತ್ತು.

ನಮ್ಮ ಕಣ್ಣಿಗೆ ಹಚ್ಚಿ ಬೆರಳಿಗೆ ಉಳಿದ ಕಪ್ಪನ್ನು ಅಜ್ಜಿ ಹಣತೆ ಒರೆಸುವ ಅರಿವೆಗೆ ಒರೆಸುತ್ತಿದ್ದಳು. ತನ್ನ ಕಣ್ಣಿನ ತನಕ ಆ ಬೆರಳು ಹೋದದ್ದು ನಾನು ನೋಡಿಲ್ಲ. ನಾನು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದ. ಮೇಣದ ಡಬ್ಬಿ, ಕುಂಕುಮದ ಭರಣಿ, ಹಸಿರು ಬಳೆ ಎಲ್ಲ ಅಂದಿಗೇ ಅವಳ ಕೈಬಿಟ್ಟು ಅವ್ವನ ಪಾಲಿಗೆ ಬಂದವು. ಅವ್ವ ಆ ಡಬ್ಬಿಯಿಂದ ಮೇಣ ತೆಗೆದು ಹಣೆಗೆ ಗುಂಡಗೆ ಒತ್ತಿ, ಅದರ ಮೇಲೆ ಕುಂಕುಮ ಕೂರಿಸುವಾಗ ಅಜ್ಜಿ ಅಡಿಗೆಮನೆಯಲ್ಲಿರುತ್ತಿದ್ದಳು. ಅರಿಶಿನಕ್ಕೆ ಸುಣ್ಣ, ನಿಂಬೆರಸ ಹಾಕಿ ಆ ಕುಂಕುಮ ಮಾಡಿದವಳೂ ಅವಳೇ.

ನಮ್ಮ ಜಿಲ್ಲೆಯ ಗಡಿಗೆ ಹತ್ತಿದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಹೇರವಾಡ ಎಂಬ ಹಳ್ಳಿಯಿದೆ. ಗಂಡ ಸತ್ತವಳ ಕುಂಕುಮ ಅಳಿಸುವುದು, ಬಳೆ ಒಡೆಯುವುದು ನಮ್ಮೂರಲ್ಲಿ ಬೇಡ ಎಂದು ಅಲ್ಲಿನ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು. ಉಳಿದ ಊರುಗಳೂ ಇದನ್ನು ಅನುಸರಿಸಲಿ ಎಂದು ಮಹಾರಾಷ್ಟ್ರ ಸರಕಾರ ಸುತ್ತೋಲೆ ಹೊರಡಿಸಿತು. ಮೊಲಕ್ಕೆ 2014, ಹೆಂಗಸಿಗೆ 2022, ಅದೂ ಠರಾವು ಅಷ್ಟೆ. ಈ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ನಾನು ಅಜ್ಜಿಯ ಡಬ್ಬಿ ಹುಡುಕಿದೆ. ಅವ್ವನ ಟ್ರಂಕಿನಲ್ಲಿತ್ತು, ತಳದಲ್ಲಿ ಬಿರುಕು ಬಿಟ್ಟ ಮೇಣ. ಹುಡುಗಿ ಅದನ್ನು ಮೂಸಿ ನೋಡಿದಳು, ವೀಗನ್ ಅಲ್ಲ ಎನ್ನಲಿಲ್ಲ.

ಅವಳ ವೀಗನ್ ಡಬ್ಬಿಗಳನ್ನೂ ನಾನು ಕನ್ನಡಕ ಹಾಕಿಕೊಂಡು ಓದಿದೆ, ಬಿಟ್ಟೇನೆಯೇ? ತುಟಿಯ ಕೆಂಪಿಗೆ ಸಿಐ 77491, ಅಂದರೆ ಕಬ್ಬಿಣದ ತುಕ್ಕು. ಖಾನಾಪುರದ ಹಂಚಿಗೂ ಮಡಕೆಗೂ ಕೆಂಪು ಕೊಡುವುದು ಇದೇ. ಹಾಗಾದರೆ ಹಂಚಿನ ಚೂರು ತೇಯ್ದು ಹಚ್ಚಿಕೊಳ್ಳಲೇ ಎಂದೆ. ಬೇಡವಂತೆ, ಮಣ್ಣಿನ ಕೆಂಪಿನಲ್ಲಿ ಸೀಸ, ಪಾಷಾಣ ಇರಬಹುದೆಂದು ಸೌಂದರ್ಯವರ್ಧಕಕ್ಕೆ ಬಳಸುವ ತುಕ್ಕನ್ನು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಕೆನ್ನೆಯ ಹೊಳಪಿಗೆ ಅಭ್ರಕ. ಅದು ಕಲ್ಲು, ಯಾವ ಪ್ರಾಣಿಯದ್ದೂ ಅಲ್ಲ. ಆದರೆ ಜಾರ್ಖಂಡ್, ಬಿಹಾರದ ಪಾಳುಬಿದ್ದ ಗಣಿಗಳಲ್ಲಿ ಅದನ್ನು ಆಯುವವರಲ್ಲಿ ಮಕ್ಕಳಿದ್ದಾರೆ. ಎರಡೇ ತಿಂಗಳಲ್ಲಿ ಏಳು ಮಕ್ಕಳು ಸತ್ತದ್ದನ್ನು 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ಬಯಲಿಗೆ ತಂದಿತು. ಡಬ್ಬಿಯ ಮೇಲೆ ಮೊಲ ಮಾತ್ರ ಇತ್ತು. ಹುಡುಗಿ ಆ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು, ಕಂಪನಿಗೆ ಬರೆದು ಕೇಳುತ್ತೇನೆಂದಳು. ಕೇಳುವ ಜಾತಿಯವಳು, ಕೇಳುತ್ತಾಳೆ.

ಇಷ್ಟು ದಾರಿ ಸುತ್ತಿ ನನ್ನ ದಿನನಿತ್ಯದ ಮುಖಕ್ಕೆ ಉಳಿದದ್ದು ಮುರುಗಲ ತುಪ್ಪ. ಹೆಸರಿಗೆ ತುಪ್ಪ, ಆಕಳಿಗೂ ಅದಕ್ಕೂ ಸಂಬಂಧವಿಲ್ಲ. ಜಾಂಬೋಟಿ, ಕಣಕುಂಬಿಯ ಕಾಡಿನಲ್ಲಿ ಬೇಸಿಗೆಗೆ ಮುರುಗಲು ಹಣ್ಣಾಗುತ್ತದೆ. ಸಿಪ್ಪೆ ಒಣಗಿ ಸಾರಿಗೆ ಹೋಗುತ್ತದೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಅದನ್ನು ತೆಗೆದು ಆರಿಸಿ ಮೊಟ್ಟೆಯ ಆಕಾರಕ್ಕೆ ಉಂಡೆ ಕಟ್ಟುತ್ತಾರೆ. ನಮ್ಮ ಕಡೆ ಅದು ಹಿಮ್ಮಡಿ ಒಡೆದವರ ಔಷಧಿ. ತುಟಿಗೆ ತಾಗಿಸಿದರೆ ಸಾಕು, ಮೈಬಿಸಿಗೆ ಮೆತ್ತಗಾಗುತ್ತದೆ. ಮುಖಕ್ಕೆ ಕಡಲೆಹಿಟ್ಟು, ತುಟಿಗೆ ಇದು, ಹಣೆಗೆ ಟಿಕಳಿ. ಕನ್ನಡಿಯಲ್ಲಿ ಕಾಣುವವಳ ಕಣ್ಣಿನ ಸುತ್ತ ಅಜ್ಜಿಯವೇ ಗೆರೆಗಳು. ಅವನ್ನು ಮುಚ್ಚುವ ಸಾಮಾನನ್ನು ಹುಡುಗಿ ತರಿಸಲೇ ಎಂದು ಕೇಳಿದಳು, ಬೇಡವೆಂದೆ. ಮದುವೆಮನೆಗೆ ಹೋಗುವಾಗ ಮಾತ್ರ ಅವಳು ಕೊಡಿಸಿದ ತುಕ್ಕಿನ ಕೆಂಪು. ಅದು ಚಹಾಕ್ಕೂ ಜಗ್ಗುವುದಿಲ್ಲ, ಚುರುಮುರಿಗೂ ಜಗ್ಗುವುದಿಲ್ಲ.

ನಿಮಗೂ ಮುರುಗಲ ತುಪ್ಪ ಬೇಕಿದ್ದರೆ ಖಾನಾಪುರದ ಕಡೆಯ ಪರಿಚಯದವರಿಗೆ ಮಳೆ ಹಿಡಿಯುವ ಮೊದಲೇ ಹೇಳಿಡಿ, ತಡವಾದರೆ ಸಿಗುವುದಿಲ್ಲ. ಗಟ್ಟಿಯಾಗಿ, ಬಿಳಿಯಾಗಿ, ವಾಸನೆಯಿಲ್ಲದ್ದು ಒಳ್ಳೆಯದು. ಏಪ್ರಿಲ್ ಬಿಸಿಲಿನಲ್ಲಿ ಪರ್ಸಿನಲ್ಲಿಟ್ಟುಕೊಂಡು ತಿರುಗಬೇಡಿ. ಕರಗಿ ಆಧಾರ್ ಕಾರ್ಡಿಗೆಲ್ಲ ಹತ್ತುತ್ತದೆ.