ಕೊಲ್ಲಿಯಲ್ಲಿ ನೀರುಂಟು, ದಡವಿಲ್ಲ

ಊರಿನಿಂದ ಹಿರಿಯರು ಬಂದಾಗ ಬೇ ಏರಿಯಾದ ಕನ್ನಡ ಕುಟುಂಬಗಳು ಮಾಡಿಸುವ ಪ್ರವಾಸ ಹೆಚ್ಚುಕಡಿಮೆ ಒಂದೇ ಮಾದರಿಯದು. ಗೋಲ್ಡನ್ ಗೇಟ್ ಸೇತುವೆಯ ಗಾಳಿಯಲ್ಲಿ ಸೆರಗು ಹಿಡಿದುಕೊಂಡು ಒಂದು ಛಾಯಾಚಿತ್ರ, ಆಚೆ ದಡದ ಸಾಸಲಿಟೊದಲ್ಲಿ ಐಸ್‌ಕ್ರೀಮು, ಅಲ್ಲಿಂದ ತುಸು ಉತ್ತರಕ್ಕೆ ಸಾಗಿ ತೇಲುಮನೆಗಳ ದರ್ಶನ. ಬಣ್ಣಬಣ್ಣದ ಆ ಮನೆಗಳನ್ನು ಕಂಡು ಹಿರಿಯರು ಬೆರಗಾಗುತ್ತಾರೆ. ಮಕ್ಕಳು ಒಳಗೆ ಸ್ನಾನದ ಮನೆ ಇದೆಯೇ ಎಂದು ಕೇಳುತ್ತಾರೆ. ಅದೇ ದಡದಲ್ಲಿ ನಿಂತು ಸ್ವಲ್ಪ ದೂರಕ್ಕೆ ಕಣ್ಣು ಹಾಯಿಸಿದರೆ ರಿಚರ್ಡ್‌ಸನ್ ಕೊಲ್ಲಿಯ ನಡುನೀರಿನಲ್ಲಿ ಒಂಟೊಂಟಿಯಾಗಿ ನಿಂತಿರುವ ಹಳೆಯ ದೋಣಿಗಳೂ ಕಾಣುತ್ತವೆ. ಕೆಲವಕ್ಕೆ ಹಾಯಿಯಿಲ್ಲ, ಕೆಲವಕ್ಕೆ ಎಂಜಿನ್ನಿಲ್ಲ, ಕೆಲವಕ್ಕೆ ನೀಲಿ ಟಾರ್ಪಾಲೇ ಸೂರು. ಛಾಯಾಚಿತ್ರದಲ್ಲಿ ಎರಡೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಕಾನೂನಿನ ಕಣ್ಣಿಗೆ ಮಾತ್ರ ಅವೆರಡರ ನಡುವೆ ಅಜಗಜಾಂತರವಿದೆ.

ದಡದ ಕಟ್ಟೆಗೆ ಕಟ್ಟಿಕೊಂಡ ಮನೆಗಳಿಗೆ ವಿಳಾಸವಿದೆ, ಒಳಚರಂಡಿಯಿದೆ, ವಿದ್ಯುತ್ತಿದೆ. ಸಾಸಲಿಟೊದ ಸುತ್ತ ಅಂಥವು ನಾನೂರರ ಆಸುಪಾಸು ಇದ್ದು, ಕೆಲವು ಹತ್ತು ಲಕ್ಷ ಡಾಲರನ್ನೂ ಮೀರಿ ಮಾರಾಟವಾಗುತ್ತವೆ. ನಡುನೀರಿನಲ್ಲಿ ಲಂಗರು ಹಾಕಿ ಬದುಕುವವರನ್ನು ಇಲ್ಲಿಯವರು ‘ಆಂಕರ್-ಔಟ್’ ಎನ್ನುತ್ತಾರೆ. ಅವರಿಗೆ ಬಾಡಿಗೆಯಿಲ್ಲ, ಆದರೆ ಕುಡಿಯುವ ನೀರನ್ನೂ ಅಡುಗೆಯ ಅನಿಲವನ್ನೂ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ತರಬೇಕು, ಕಸವನ್ನೂ ಶೌಚದ ತೊಟ್ಟಿಯನ್ನೂ ಹಾಗೆಯೇ ಸಾಗಿಸಬೇಕು. ಚಳಿಗಾಲದಲ್ಲಿ ಆಗ್ನೇಯದಿಂದ ಬಿರುಗಾಳಿ ಬೀಸಿದ ರಾತ್ರಿ ಲಂಗರು ಕಿತ್ತುಕೊಂಡು ದೋಣಿಗಳು ದಡಕ್ಕೆ ಬಡಿಯುವುದುಂಟು. 2016ರ ಸುಮಾರಿಗೆ ಈ ಸಣ್ಣ ಕೊಲ್ಲಿಯಲ್ಲಿ ಅಂಥ ದೋಣಿಗಳು ಇನ್ನೂರನ್ನು ಮೀರಿದ್ದವು.

ಇಷ್ಟು ದೋಣಿಗಳು ಬಂದದ್ದೆಲ್ಲಿಂದ? ಎರಡನೆಯ ಮಹಾಯುದ್ಧದಲ್ಲಿ, 1942ರಿಂದ ಮುಂದಕ್ಕೆ, ಸಾಸಲಿಟೊದ ‘ಮರಿನ್‌ಶಿಪ್’ ಕಾರ್ಖಾನೆ ಯುದ್ಧದ ಹಡಗುಗಳನ್ನು ಕಟ್ಟಿತು. ಯುದ್ಧ ಮುಗಿದ ಮೇಲೆ ಉಳಿದ ಹಲಗೆ, ಹಡಗಿನ ಒಡಲು, ಖಾಲಿ ದಡ ಇವೆಲ್ಲ ಕಲಾವಿದರಿಗೂ ಬಡವರಿಗೂ ಮನೆಯಾದವು. 1949ರಲ್ಲಿ ಜೀನ್ ವಾರ್ಡಾ ಮತ್ತು ಗಾರ್ಡನ್ ಆನ್ಸ್ಲೋ ಫೋರ್ಡ್ ಎಂಬ ಕಲಾವಿದರು ‘ವಲೇಹೊ’ ಎಂಬ ಹಳೆಯ ಫೆರ್ರಿಯನ್ನು ಕೊಂಡು ಮನೆ ಮಾಡಿಕೊಂಡರು. ವೇದಾಂತವನ್ನೂ ಝೆನ್ ದರ್ಶನವನ್ನೂ ಅಮೆರಿಕನ್ನರಿಗೆ ತಿಳಿಹೇಳಿದ ಆಲನ್ ವಾಟ್ಸ್ ಮುಂದೆ ಅದೇ ಫೆರ್ರಿಯಲ್ಲಿ ವಾಸವಾಗಿದ್ದರು. 1970ರ ದಶಕದಲ್ಲಿ ಅಧಿಕಾರಿಗಳಿಗೂ ದೋಣಿವಾಸಿಗಳಿಗೂ ನಡೆದ ಜಟಾಪಟಿಯನ್ನು ಊರಿನ ಹಳಬರು ‘ಹೌಸ್‌ಬೋಟ್ ಯುದ್ಧ’ವೆಂದೇ ಕರೆಯುತ್ತಾರೆ. ಅದರ ಕೊನೆಗೆ ಒಂದು ಪಾಲಿನವರಿಗೆ ಕಟ್ಟೆ ಸಿಕ್ಕಿತು, ಉಳಿದವರು ನೀರಿನಲ್ಲೇ ಉಳಿದರು.

ಎರಡನೆಯ ಕಾರಣ ಫೈಬರ್‌ಗ್ಲಾಸು. 1960–70ರ ದಶಕಗಳಲ್ಲಿ ಮಧ್ಯಮವರ್ಗದವರಿಗೂ ಎಟುಕುವಂತೆ ಅಚ್ಚು ಹೊಯ್ದು ತೆಗೆದ ದೋಣಿಗಳಿಗೆ ಸಾವೇ ಇಲ್ಲ. ಮರದಂತೆ ಕೊಳೆಯುವುದಿಲ್ಲ, ಕಬ್ಬಿಣದಂತೆ ಗುಜರಿಗೆ ಹೋಗುವುದಿಲ್ಲ. ಮರೀನಾದ ಬಾಡಿಗೆ ಕೊಡಲಾಗದ ಮಾಲಿಕ ಒಂದು ಡಾಲರಿಗೋ ಬಿಟ್ಟಿಗೋ ಅದನ್ನು ದಾಟಿಸುತ್ತಾನೆ. ಮನೆಯ ಬಾಡಿಗೆ ಕೊಡಲಾಗದವನೊಬ್ಬ ಅದನ್ನು ಕೊಳ್ಳುತ್ತಾನೆ. ಈ ಎರಡು ಬಾಡಿಗೆಗಳು ಬೇ ಏರಿಯಾದಲ್ಲಿ ಹೇಗೆ ಏರಿವೆಯೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಇನ್ನು ನೀರಿನ ಅಡಿಗೆ ಬರೋಣ, ಏಕೆಂದರೆ ವಿವಾದದ ನಿಜವಾದ ಗಂಟು ಇರುವುದು ಅಲ್ಲಿ. ರಿಚರ್ಡ್‌ಸನ್ ಕೊಲ್ಲಿಯ ತಳದಲ್ಲಿ ‘ಈಲ್‌ಗ್ರಾಸ್’ ಎಂಬ ಕಡಲಹುಲ್ಲಿನ ಹಾಸಿದೆ. ಇಡೀ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಇದು ಎರಡನೆಯ ಅತಿ ದೊಡ್ಡದು. ಚಳಿಗಾಲದಲ್ಲಿ ಹೆರಿಂಗ್ ಮೀನುಗಳು ಸಾಗರದಿಂದ ಒಳಬಂದು ಈ ಹುಲ್ಲಿನ ಎಸಳುಗಳ ಮೇಲೆ ಮೊಟ್ಟೆಯಿಡುತ್ತವೆ. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ. ಮೊಟ್ಟೆಯಿಟ್ಟ ದಿನಗಳಲ್ಲಿ ನೀರು ಹಾಲು ಬೆರೆಸಿದಂತಾಗುತ್ತದೆ; ಸಾವಿರಾರು ಹಕ್ಕಿಗಳು, ಸೀಲ್‌ಗಳು, ಕಡಲಸಿಂಹಗಳು ಔತಣಕ್ಕೆ ನೆರೆಯುತ್ತವೆ. ಲಂಗರು ಹಾಕಿದ ದೋಣಿಯು ಗಾಳಿ ಮತ್ತು ಭರತ-ಇಳಿತಗಳಿಗೆ ತಕ್ಕಂತೆ ಸುತ್ತು ಹೊಡೆಯುತ್ತದೆ, ಅದರೊಡನೆ ಭಾರದ ಸರಪಳಿಯೂ ತಳದಲ್ಲಿ ಎಳೆದಾಡುತ್ತದೆ. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಸುತ್ತುವ ಹಾಗೆ. ವರ್ಷಗಟ್ಟಲೆ ಹೀಗೆ ಸುತ್ತಿದರೆ ಹುಲ್ಲು ಬೇರುಸಹಿತ ಕಿತ್ತು ದುಂಡನೆಯ ಬಕ್ಕತಲೆ ಉಳಿಯುತ್ತದೆ. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಆ ದುಂಡುಗುರುತುಗಳನ್ನು ಒಂದೊಂದಾಗಿ ಎಣಿಸಬಹುದು. ಇದನ್ನು ಕಂಡಮೇಲೆ, ಬಡವರ ದೋಣಿಯೆಂಬ ಕಾರಣಕ್ಕೆ ಎಲ್ಲವನ್ನೂ ಹಾಗೆಯೇ ಬಿಡಿ ಎಂದು ಹೇಳಲು ನಮಗೆ ನಾಲಗೆ ಏಳುವುದಿಲ್ಲ.

ಕೊಲ್ಲಿಯನ್ನು ಕಾಯುವ ಕಾನೂನಿಗೂ ಒಂದು ಹಿನ್ನೆಲೆಯಿದೆ. ಒಂದು ಕಾಲಕ್ಕೆ ಇಲ್ಲಿಯ ಊರುಗಳು ಮಣ್ಣು ಕಸಗಳನ್ನು ಸುರಿದು ಕೊಲ್ಲಿಯನ್ನೇ ನಿವೇಶನ ಮಾಡುತ್ತಿದ್ದವು. 1961ರಲ್ಲಿ ಬರ್ಕ್ಲಿಯ ಮೂವರು ಮಹಿಳೆಯರು ಎತ್ತಿದ ದನಿಯಿಂದ 1965ರಲ್ಲಿ ಬಿಸಿಡಿಸಿ ಎಂಬ ಕೊಲ್ಲಿ ಸಂರಕ್ಷಣಾ ಆಯೋಗ ಹುಟ್ಟಿತು. ಕೊಲ್ಲಿಗೆ ಮಣ್ಣು ತುಂಬಬಾರದೆಂಬುದೇ ಅದರ ಮೂಲಮಂತ್ರ. ವಿಚಿತ್ರವೆಂದರೆ ಒಂದೇ ಕಡೆ ನಿಂತ ತೇಲುಮನೆಯನ್ನೂ ಆ ಕಾನೂನು ‘ತುಂಬಿದ ಮಣ್ಣು’ ಎಂದೇ ಎಣಿಸುತ್ತದೆ! ಮರೀನಾಗಳಲ್ಲಿಯೂ ದೋಣಿಯಲ್ಲೇ ವಾಸಿಸುವವರಿಗೆ ಒಟ್ಟು ಜಾಗದ ಶೇಕಡ 10ರಷ್ಟು ಮಾತ್ರ ಮೀಸಲು. ಹೀಗಾಗಿ ಖಾಲಿ ಸ್ಲಿಪ್ಪುಗಳಿರುವ ಮರೀನಾಕ್ಕೆ ಹೋಗಿ ಬಾಡಿಗೆ ಕೊಡುತ್ತೇನೆಂದರೂ ವಾಸಕ್ಕೆ ಜಾಗ ಸಿಗದಿರಬಹುದು. ನಡುನೀರಿನಲ್ಲೋ, 72 ಗಂಟೆಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ.

ಈ ನಿಯಮ ಬಹುಕಾಲ ಕಾಗದದ ಮೇಲೇ ಉಳಿದಿತ್ತು. ಕೊಲ್ಲಿಯ ಸುತ್ತಣ ಊರುಗಳು ಮತ್ತು ಮರಿನ್ ಕೌಂಟಿ ಸೇರಿ 1985ರಲ್ಲಿ ಕಟ್ಟಿಕೊಂಡ ರಿಚರ್ಡ್‌ಸನ್ ಬೇ ಪ್ರಾದೇಶಿಕ ಸಂಸ್ಥೆಯಿಂದ 2017ರಲ್ಲಿ ಸಾಸಲಿಟೊ ಹೊರನಡೆದು, ತನ್ನ ಪಾಲಿನ ನೀರನ್ನು ತಾನೇ ನೋಡಿಕೊಳ್ಳತೊಡಗಿತು. 2019ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಬಿಸಿಡಿಸಿಯನ್ನೇ ತರಾಟೆಗೆ ತೆಗೆದುಕೊಂಡರು. 2021ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು: ಹುಲ್ಲಿನ ಸಂರಕ್ಷಿತ ವಲಯದ ದೋಣಿಗಳು 2024ರ ಅಕ್ಟೋಬರ್ 15ರೊಳಗೆ, ಉಳಿದೆಲ್ಲವೂ 2026ರ ಅಕ್ಟೋಬರ್ 15ರೊಳಗೆ ತೆರವಾಗಬೇಕು. ದೋಣಿಯನ್ನು ಒಪ್ಪಿಸಿದವರಿಗೆ ಅಡಿಗೆ 150 ಡಾಲರಿನಂತೆ ಕೊಡುವ ಯೋಜನೆ ಬಂತು. ದಡದಲ್ಲಿ ಮನೆ ಕೊಡಿಸಲೆಂದು ರಾಜ್ಯವು 30 ಲಕ್ಷ ಡಾಲರ್ ಒದಗಿಸಿತು. ಇದರಿಂದ ಕೆಲವರಿಗೆ ನಿಜಕ್ಕೂ ಗೋಡೆ ಬಾಗಿಲುಗಳ ಮನೆ ದೊರೆತಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದಕ್ಕೂ ಮೊದಲು ದೋಣಿ ಕಳೆದುಕೊಂಡವರು 2020ರ ಕೊನೆಯಲ್ಲಿ ಸಾಸಲಿಟೊದ ಡನ್ಫಿ ಪಾರ್ಕ್‌ನಲ್ಲಿ ಗುಡಾರ ಹೂಡಿದ್ದರು. ನೀರಿನಿಂದ ಎತ್ತಿದ ಸಮಸ್ಯೆ ಹುಲ್ಲುಹಾಸಿನ ಮೇಲೆ ಬಂದು ಕುಳಿತಿತ್ತು. ಹಿಡಿದ ದೋಣಿಗಳನ್ನು ಪುಡಿಗಟ್ಟುವ ಅಂಗಳವಿರುವುದು ‘ಬೇ ಮಾಡೆಲ್’ನ ಮಗ್ಗುಲಲ್ಲೇ. ಇಡೀ ಕೊಲ್ಲಿಯ ಭರತ-ಇಳಿತಗಳನ್ನು ಸಣ್ಣದಾಗಿ ಕಟ್ಟಿ ತೋರಿಸುವ ಆ ಕೇಂದ್ರಕ್ಕೆ ಶಾಲೆಗಳು ಮಕ್ಕಳನ್ನು ಕರೆದೊಯ್ಯುತ್ತವೆ. ಯಂತ್ರದ ಉಕ್ಕಿನ ಹಲ್ಲು ಅಡುಗೆಕೋಣೆಯೊಂದನ್ನು ಕಚ್ಚುವ ಸದ್ದನ್ನು ಅಲ್ಲಿ ಒಮ್ಮೆ ಕೇಳಿದ್ದೇವೆ.

ಮಲ್ಪೆಯ ಕಡೆಯವರಾದ ನಮ್ಮ ದೊಡ್ಡಪ್ಪ ಇಲ್ಲಿಗೆ ಬಂದಿದ್ದಾಗ ಇದನ್ನೆಲ್ಲ ವಿವರಿಸಿದೆವು. ಅವರು ಕೈಯನ್ನು ಹಣೆಗೆ ಅಡ್ಡವಿಟ್ಟು ಬಹಳ ಹೊತ್ತು ನೀರನ್ನೇ ನೋಡಿದರು.

“ಅಲ್ಲ ಮಾರಾಯ, ಇಷ್ಟು ನೀರುಂಟು. ಜಾಗ ಇಲ್ಲ ಅಂದ್ರೆ ಎಂತದು?”

“ನೀರುಂಟು ದೊಡ್ಡಪ್ಪ, ದಕ್ಕೆ ಇಲ್ಲ.”

ಅವರಿಗೆ ಕೂಡಲೇ ಅರ್ಥವಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆ ಬಂದರನ್ನು ನೋಡಿದವರಿಗೆ ಇಕ್ಕಟ್ಟು ಎಂದರೇನೆಂದು ಹೇಳಿಕೊಡಬೇಕಿಲ್ಲ. ಸಾವಿರಕ್ಕೂ ಮೇಲ್ಪಟ್ಟ ಯಾಂತ್ರಿಕ ದೋಣಿಗಳು ಮಗ್ಗುಲಿಗೆ ಮಗ್ಗುಲು ತಾಗಿಸಿ, ಒಂದರ ಹಗ್ಗ ಇನ್ನೊಂದಕ್ಕೆ ಬಿಗಿದು ನಿಂತಿರುತ್ತವೆ. ದಕ್ಕೆಯಿಂದ ಐದನೆಯ ಸಾಲಿನ ದೋಣಿಗೆ ಹೋಗಬೇಕೆಂದರೆ ನಾಲ್ಕು ದೋಣಿಗಳ ಅಟ್ಟ ಹಾಯ್ದು ಹೋಗಬೇಕು. ಮಂಗಳೂರಿನ ಹಳೆ ಬಂದರಿನದೂ ಇದೇ ಪಾಡು. ಅಲ್ಲಿ ಅಳಿವೆಬಾಗಿಲಿನ ಹೂಳು ಬೇರೆ. ಇಕ್ಕಟ್ಟಿನ ಅಪಾಯ ಏನೆಂಬುದನ್ನು 2023ರ ದೀಪಾವಳಿಯ ಸಮಯದಲ್ಲಿ ಗಂಗೊಳ್ಳಿ ತೋರಿಸಿತು. ಅಲ್ಲಿ ಸಾಲಾಗಿ ನಿಲ್ಲಿಸಿದ್ದ ದೋಣಿಗಳಿಗೆ ಬೆಂಕಿ ತಗಲಿ, ಒಂದರಿಂದ ಒಂದಕ್ಕೆ ಹಬ್ಬಿ, ಹಲವು ಕುಟುಂಬಗಳ ಜೀವನಾಧಾರ ಒಂದೇ ದಿನ ಸುಟ್ಟುಹೋಯಿತು.

ಹಾಗೆಂದು ಮಲ್ಪೆಯನ್ನೂ ಸಾಸಲಿಟೊವನ್ನೂ ಒಂದೇ ತಕ್ಕಡಿಯಲ್ಲಿಡಲು ಬಾರದು. ಮಲ್ಪೆಯ ದೋಣಿ ದುಡಿಮೆಯದು. ಅದರ ಮಾಲಿಕನ ಮನೆ ದಡದ ಮೇಲಿದೆ, ಬೆನ್ನಿಗೆ ಸಂಘವಿದೆ, ಆಗಸ್ಟ್ ಬಂದರೆ ಬಂದರು ತಾನಾಗಿ ಹಗುರಾಗುತ್ತದೆ. ಇಲ್ಲಿಯವನಿಗೆ ದೋಣಿಯೇ ಮನೆ, ಹೊರಡಲು ಆಗಸ್ಟೂ ಇಲ್ಲ. ಆದರೂ ದೊಡ್ಡಪ್ಪನವರು ಕೇಳಿದ ಒಂದು ಪ್ರಶ್ನೆ ನಮ್ಮಲ್ಲಿ ಉಳಿದಿದೆ. “ಇವರ ಹಗ್ಗ ಹಿಡಿಯುವವರು ಯಾರು?” ಎಂದರು. ಬಂದರಿಗೆ ಬರುವ ದೋಣಿ ಹಗ್ಗ ಎಸೆದರೆ, ದಕ್ಕೆಯ ಮೇಲೆ ನಿಂತವನು, ಗುರುತಿನವನಿರಲಿ ಇಲ್ಲದಿರಲಿ, ಹಿಡಿದು ಕಟ್ಟುತ್ತಾನೆ. ಅವರು ಕೇಳಿದ್ದು ಅದನ್ನು.

ಇದು ಸಾಸಲಿಟೊದ ಒಂದೇ ಊರಿನ ಕಥೆಯಲ್ಲ. ಓಕ್ಲ್ಯಾಂಡ್ ಮತ್ತು ಅಲಮೇಡಗಳ ನಡುವಣ ಕಿರುಗಡಲು 1902ರಲ್ಲಿ ತೋಡಿ ಮುಗಿಸಿದ ಕಾಲುವೆಯಿಂದ ಇನ್ನಷ್ಟು ಉದ್ದವಾಯಿತು. ಅಲ್ಲಿಯೂ ಬಿಟ್ಟುಹೋದ ದೋಣಿಗಳು, ಮುಳುಗಿದ ದೋಣಿಗಳು, ಕಳ್ಳತನದ ದೂರುಗಳು. ನಮ್ಮ ಅನೇಕ ಸದಸ್ಯರ ಮನೆಗಳಿಗೆ ಸಮೀಪದ ರೆಡ್‌ವುಡ್ ಸಿಟಿಯ ‘ಡಾಕ್‌ಟೌನ್’ ಮರೀನಾದಲ್ಲಂತೂ ಕಟ್ಟೆಗೆ ಕಟ್ಟಿ ಬಾಡಿಗೆ ಕೊಟ್ಟು ಬಾಳುತ್ತಿದ್ದವರನ್ನೇ ಎಬ್ಬಿಸಲು 2016ರಲ್ಲಿ ನಗರಸಭೆ ನಿರ್ಧರಿಸಬೇಕಾಯಿತು. ನೀರಿನಡಿಯ ನೆಲ ಸಮಸ್ತ ಜನರ ಸೊತ್ತು, ಅಲ್ಲಿ ಖಾಸಗಿ ವಾಸ ಸಲ್ಲದೆಂಬುದು ರಾಜ್ಯದ ಕಾನೂನಿನ ತತ್ತ್ವ. ಊರ ಗೋಮಾಳದಲ್ಲಿ ಯಾರೂ ಮನೆ ಕಟ್ಟಬಾರದೆಂಬ ನಮ್ಮ ಹಳೆಯ ಕಟ್ಟಳೆಯೇ ಇದು. ತತ್ತ್ವ ಒಳ್ಳೆಯದೇ. ಆದರೆ ಗೋಮಾಳವನ್ನು ತೆರವು ಮಾಡಿಸುವವರಿಗೆ ಊರೊಳಗೆ ಒಂದು ನಿವೇಶನ ತೋರಿಸುವ ಹೊಣೆಯೂ ಇರುತ್ತದಲ್ಲವೇ?

ಲಂಡನ್ನಿನ ಕಾಲುವೆಗಳಲ್ಲೂ ಮನೆಬಾಡಿಗೆ ಏರಿದಂತೆಲ್ಲ ದೋಣಿಗಳು ಕಿಕ್ಕಿರಿದಿವೆ. ಸ್ವಂತ ಕಟ್ಟುಜಾಗವಿಲ್ಲದ ದೋಣಿಯು ಒಂದೇ ಸ್ಥಳದಲ್ಲಿ 14 ದಿನಗಳಿಗಿಂತ ಹೆಚ್ಚು ನಿಲ್ಲಬಾರದೆಂದು 1995ರ ಕಾನೂನು. 2024ರಿಂದ ಅಂಥವರ ಪರವಾನಗಿಗೆ ಹೆಚ್ಚುವರಿ ಶುಲ್ಕವೂ ಬಿದ್ದಿದೆ. ಕೆಲಸಕ್ಕೂ ಮಕ್ಕಳ ಶಾಲೆಗೂ ಹತ್ತಿರವಿರುವಷ್ಟು, ಆದರೆ ಕಾನೂನಿಗೆ ಸಾಲುವಷ್ಟು ದೂರ ಅವರು ಸರಿಯುತ್ತಲೇ ಇರಬೇಕು. ಅಲ್ಲಿ 14 ದಿನ, ಇಲ್ಲಿ 72 ಗಂಟೆ. ಎಚ್-1ಬಿ ವೀಸಾದ ಮೇಲಿದ್ದು ಕೆಲಸ ಕಳೆದುಕೊಂಡವರಿಗೆ 60 ದಿನ. ಕ್ಯಾಲೆಂಡರಿನಲ್ಲಿ ಒಂದು ದಿನಾಂಕಕ್ಕೆ ಸುತ್ತು ಹಾಕಿ, ಮಕ್ಕಳ ಶಾಲೆಯ ವರ್ಷ ಮುಗಿಯುವುದರೊಳಗೆ ಏನಾದರೂ ಆದೀತೇ ಎಂದು ಎಣಿಸಿದ ಮನೆಗಳು ನಮ್ಮ ಕೂಟದಲ್ಲೇ ಇವೆ. ನಮಗೆ ಹಿಂದಿರುಗಲು ಊರಿದೆ, ಕೈಯಲ್ಲಿ ವಿದ್ಯೆಯಿದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ. ಆದರೆ ಗಡುವು ಎಂದರೇನೆಂಬುದು ನಮಗೆ ಹೊಸದಲ್ಲ.

ಹುಲ್ಲು ಉಳಿಯಲೇಬೇಕು ಎನ್ನುವವರಲ್ಲಿ ನಾವೂ ಸೇರುತ್ತೇವೆ. ಆದರೆ ಮರೀನಾಗಳ ಶೇಕಡ 10ರ ಮಿತಿಯನ್ನು ದೇವವಾಕ್ಯವೆಂದು ನೋಡುವ ಅಗತ್ಯ ನಮಗೆ ಕಾಣುವುದಿಲ್ಲ. ಒಳಚರಂಡಿ ಜೋಡಿಸಿದ, ಹುಲ್ಲಿಲ್ಲದ ಕಡೆಯ ಕಟ್ಟೆಗಳಲ್ಲಿ ಇನ್ನೊಂದಿಷ್ಟು ವಾಸಕ್ಕೆ ಅನುಮತಿ ಕೊಟ್ಟರೆ ಕೊಲ್ಲಿ ಮುಳುಗಿಹೋಗದು. ಸಾಸಲಿಟೊದಲ್ಲಿಯೇ ‘ಗ್ಯಾಲಿಲಿ ಹಾರ್ಬರ್’ ಎಂಬ ಸಹಕಾರಿ ಬಂದರು ಇದೆ. ಕಲಾವಿದರು, ದೋಣಿ ಕಟ್ಟುವವರು, ಕಡಲ ಕೆಲಸದವರು ವರ್ಷಗಟ್ಟಲೆ ಅನುಮತಿಗಾಗಿ ಅಲೆದು, ತಾವೇ ನಿಂತು ಕಟ್ಟೆ ಕಟ್ಟಿಸಿಕೊಂಡು, ಕಡಿಮೆ ಆದಾಯದವರೂ ಬಾಳಬಹುದಾದ ಜಾಗ ಮಾಡಿಕೊಂಡಿದ್ದಾರೆ. ಅಂಥದು ಇನ್ನೆರಡು ಏಕೆ ಆಗಲಿಲ್ಲ ಎಂಬ ಪ್ರಶ್ನೆಯನ್ನು ದಡದ ಮೇಲೆ ಮನೆಯುಳ್ಳವರಾದ ನಾವು, ತೆರಿಗೆ ಕಟ್ಟುವವರೂ ಆದ ನಾವು, ಕೇಳಬಹುದು. ಈ ಸಂಸ್ಥೆಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಮಾತನಾಡಲು ಕೆಲವು ನಿಮಿಷಗಳೂ ದೊರೆಯುತ್ತವೆ. ಅಲ್ಲಿಗೆ ಹೆಚ್ಚಾಗಿ ಬರುವವರು ಗುಡ್ಡದ ಮೇಲಿನ ಮನೆಯವರು ಮತ್ತು ನೀರಿನ ಮೇಲಿನ ಮನೆಯವರು ಮಾತ್ರ.

ಮುಂದಿನ ಬಾರಿ ಅತಿಥಿಗಳನ್ನು ಕರೆದೊಯ್ಯುವಾಗ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಕ್ರೀಕ್‌ಗೂ ಹೋಗಿಬರಬಹುದು. ಜೈಂಟ್ಸ್ ತಂಡದ ಬೇಸ್‌ಬಾಲ್ ಅಂಗಳದ ಹಿಂದಿನಿಂದ ಒಳಸೇರುವ ಈ ಕಾಲುವೆಯಲ್ಲಿ, 1960ರ ದಶಕದ ಆರಂಭದಿಂದ ನೆಲೆನಿಂತ ಇಪ್ಪತ್ತರಷ್ಟು ತೇಲುಮನೆಗಳಿವೆ. ಸುತ್ತ ಗಾಜಿನ ಎತ್ತರದ ಕಟ್ಟಡಗಳು, ನಮ್ಮಲ್ಲಿ ಕೆಲವರು ದುಡಿಯುವ ಆಸ್ಪತ್ರೆ ಮತ್ತು ಪ್ರಯೋಗಾಲಯಗಳು. ಪಂದ್ಯದ ಸಂಜೆ ಕಾಲುವೆಯ ಬಾಯಲ್ಲಿ ಕಯಾಕುಗಳು ಮುತ್ತಿಕೊಂಡು, ಅಂಗಳದಾಚೆ ಬೀಳುವ ಚೆಂಡಿಗಾಗಿ ಕಾದು ನಿಂತಿರುತ್ತವೆ. ಇನ್ನೂ ಒಳಗೆ ನಡೆದರೆ ಸದ್ದು ಕಡಿಮೆಯಾಗುತ್ತದೆ. ಅಲ್ಲೊಂದು ತೇಲುಮನೆಯ ಜಗಲಿಯಲ್ಲಿ ಟೊಮೇಟೊ ಕುಂಡಗಳ ನಡುವೆ ಬೂದುಬಣ್ಣದ ಕೊಕ್ಕರೆಯೊಂದು ನಿಂತಿರುವುದನ್ನು ನಾವು ಎರಡು ಸಲ ಕಂಡಿದ್ದೇವೆ. ವಾಹನ ನಿಲ್ಲಿಸಲು ಜಾಗ ಹುಡುಕುವುದೊಂದೇ ಕಷ್ಟ. ಪಂದ್ಯವಿಲ್ಲದ ದಿನ ನೋಡಿಕೊಂಡು ಹೋಗಿ.