ಆಕಾಶದಲ್ಲಿ ಹಾದುಹೋಗುವ ಮಾತು

ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರಕಾರರು ಹೇಳಿರುವರು. ಶಬ್ದದ ಸಂಚಾರಕ್ಕೆ ಗಾಳಿಯೇ ಮೊದಲಾದ ಆಧಾರವು ಬೇಕೆಂದೂ, ಬಾನುಲಿಯ ಅಲೆಗಳಿಗೆ ಅಂತಹ ಆಧಾರವೇ ಬೇಕಿಲ್ಲವೆಂದೂ ಭೌತಶಾಸ್ತ್ರಜ್ಞರು ತೋರಿಸಿಕೊಟ್ಟಿರುವುದರಿಂದ, ಆ ಹಳೆಯ ಲಕ್ಷಣವನ್ನು ಅಕ್ಷರಶಃ ಸಾಧಿಸಲು ನಾವು ಹೊರಟಿಲ್ಲ. ಆದರೂ 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತೆರೆದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಸಂದು, ಮುಂದೆ ಅದೇ ಹೆಸರು ಸಮಸ್ತ ದೇಶದ ಬಾನುಲಿಗೂ ಬಂದುದನ್ನು ನೆನೆದಾಗ, ಹಿರಿಯರ ಆ ಮಾತಿನಲ್ಲಿ ಏನೋ ಒಂದು ಸ್ವಾರಸ್ಯವಿದೆ ಎನಿಸದಿರದು.

ನಮ್ಮ ಬಾಲ್ಯದಲ್ಲಿ ರೇಡಿಯೋ ಇದ್ದ ಮನೆಯವರು ಅಂಚೆಕಚೇರಿಗೆ ಹೋಗಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸನ್ನು ನವೀಕರಿಸಿಕೊಳ್ಳಬೇಕಾಗಿತ್ತು. 1976ರಲ್ಲಿ ಮಂಗಳೂರಿಗೇ ಒಂದು ಆಕಾಶವಾಣಿ ಕೇಂದ್ರವು ಬಂದಾಗ ನೆರೆಹೊರೆಯವರೆಲ್ಲ ಒಂದೇ ಪೆಟ್ಟಿಗೆಯ ಸುತ್ತ ಕುಳಿತು ಕೇಳುತ್ತಿದ್ದರು. ಆ ಮಾತು ಎಲ್ಲರಿಗಾಗಿ ಆಡಿದ ಮಾತು. ಯಾರು ಕೇಳಿದರೂ ಬಾಧಕವಿರಲಿಲ್ಲ. ಆದರೆ ಅದೇ ಆಕಾಶದಲ್ಲಿ ಎಲ್ಲರಿಗಾಗಿ ಅಲ್ಲದ ಮಾತುಗಳೂ ಹಗಲಿರುಳು ಹಾದುಹೋಗುತ್ತಿರುತ್ತವೆ. ಪೊಲೀಸರು ಠಾಣೆಯೊಡನೆ, ವಿಮಾನಚಾಲಕನು ಬಜಪೆಯ ನಿಲ್ದಾಣದೊಡನೆ, ಹಡಗಿನವರು ಪಣಂಬೂರಿನ ಬಂದರಿನೊಡನೆ, ಮೀನುಗಾರರು ಒಂದು ಬೋಟಿನಿಂದ ಇನ್ನೊಂದಕ್ಕೆ ಆಡುವ ಮಾತುಗಳು ಇಂತಹವು. ಈ ಎರಡು ಬಗೆಯ ಮಾತುಗಳ ಭೇದವನ್ನು ಕುರಿತು ಆಲೋಚಿಸುವ ಪ್ರಸಂಗವೊಂದು ಈಚೆಗೆ ನಮಗೆ ಒದಗಿತು.

ನಾವಿರುವುದು ಉರ್ವದಲ್ಲಿ. ನಮ್ಮಲ್ಲಿ ಸಂಸ್ಕೃತ ಕಲಿತು ಈಗ ಕಾಲೇಜಿನಲ್ಲಿ ಓದುತ್ತಿರುವ ಹುಡುಗನೊಬ್ಬನು ನಮ್ಮ ನೆರೆಮನೆಯವನು. ಅವನು ಕೇಂದ್ರ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹವ್ಯಾಸಿ ಬಾನುಲಿಯ ಪರವಾನಗಿಯನ್ನು ಪಡೆದಿರುವನು. ಒಂದು ದಿನ ಅವನು ಅಂಗೈಯಗಲದ ಹಸುರು ಹಲಗೆಯೊಂದನ್ನು ತಂದು, "ಮಾಷ್ಟ್ರೇ, ಇದು ಪೂರ್ಣ ಕಂಪ್ಯೂಟರು" ಎಂದನು. ಇದರ ಹೆಸರು ರಾಸ್ಪ್‌ಬೆರಿ ಪೈ. ಮಕ್ಕಳು ಕಡಿಮೆ ಖರ್ಚಿನಲ್ಲಿ ಗಣಕವಿದ್ಯೆಯನ್ನು ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಸ್ಥೆಯೊಂದು ಇದನ್ನು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ತಂದಿತು. ಆಗ ಬೆಲೆ 35 ಡಾಲರು. ಅದೇ ವರ್ಷ ಇನ್ನೊಂದು ಸಂಗತಿಯೂ ಪ್ರಚಾರಕ್ಕೆ ಬಂದಿತು. ಕಂಪ್ಯೂಟರಿನಲ್ಲಿ ದೂರದರ್ಶನ ನೋಡಲೆಂದು ಮಾಡಿದ ಹೆಬ್ಬೆರಳಿನಷ್ಟರ ಅಗ್ಗದ ಗ್ರಾಹಕವೊಂದು, ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಹಿಡಿಯಬಲ್ಲದೆಂಬುದನ್ನು ಹವ್ಯಾಸಿಗಳು ಕಂಡುಕೊಂಡರು.

ಇವೆರಡನ್ನೂ ಜೋಡಿಸಿದರೆ ಆಗುವುದಿಷ್ಟು: ಮಾಳಿಗೆಯ ಮೇಲಿನ ಆಂಟೆನಾದಿಂದ ಬಂದ ಅಲೆಯನ್ನು ಗ್ರಾಹಕವು ಅಂಕೆಗಳನ್ನಾಗಿ ಮಾಡುತ್ತದೆ. ಚಿಕ್ಕ ಕಂಪ್ಯೂಟರು ಆ ಅಂಕೆಗಳಿಂದ ಮಾತನ್ನು ಹೊರತೆಗೆಯುತ್ತದೆ. ಯಂತ್ರವು ಒಂದಾದಮೇಲೊಂದರಂತೆ ಅಲೆಗಳನ್ನು ಶೋಧಿಸುತ್ತ ಹೋಗಿ, ದನಿಯಿದ್ದೆಡೆ ನಿಂತು, ದನಿ ಅಡಗಿದೊಡನೆ ಮುಂದಕ್ಕೆ ಸಾಗುತ್ತದೆ. ಇದಕ್ಕೇ ಸ್ಕ್ಯಾನರು ಎನ್ನುವರು. ಹೀಗೆ ದೊರೆತ ಮಾತನ್ನು ಸಂಕ್ಷೇಪಿಸಿ ಅಂತರ್ಜಾಲಕ್ಕೆ ಹರಿಯಬಿಟ್ಟರೆ, ದುಬಾಯಿಯಲ್ಲಿರುವ ಮಗನೂ ಮುಂಬಯಿಯಲ್ಲಿರುವ ತಮ್ಮನೂ ಅದನ್ನು ತಮ್ಮ ಫೋನಿನಲ್ಲಿ ಕೆಲವು ಕ್ಷಣ ತಡವಾಗಿ ಕೇಳಬಹುದು.

ಹುಡುಗನು ಮೊದಲು ಹವ್ಯಾಸಿಗಳ ಸಂಭಾಷಣೆಯನ್ನು ಕೇಳಿಸಿದನು. 144ರಿಂದ 146 ಮೆಗಾಹರ್ಟ್ಸ್‌ಗಳ ನಡುವೆ ಅವರು ಗೂಢಭಾಷೆಯಿಲ್ಲದೆ, ಹೆಸರಿನ ಬದಲು ತಮ್ಮ ಕರೆಸಂಜ್ಞೆಗಳನ್ನು ಹೇಳಿಕೊಂಡು ಮಾತಾಡುವರು. ಗುಟ್ಟು ಮಾಡತಕ್ಕದ್ದಲ್ಲ ಎಂಬುದೇ ಅವರ ನಿಯಮ. ನಮಗೆ ಸಂತೋಷವಾಯಿತು. ಬಳಿಕ ಅವನು, "ಪೊಲೀಸರದೂ ಬೋಟಿನವರದೂ ಮಾತನ್ನು ಅಂತರ್ಜಾಲಕ್ಕೆ ಬಿಡೋಣವೆ? ಅಮೆರಿಕದಲ್ಲಿ ಸಾವಿರಾರು ಜನ ಹಾಗೆ ಮಾಡುತ್ತಾರೆ" ಎಂದನು.

ಅಮೆರಿಕದಲ್ಲಿ ಅಂತಹ ಪದ್ಧತಿ ಇರುವುದು ನಿಜ. ಅದರ ಫಲವೊಂದನ್ನೂ ಇಲ್ಲಿ ಹೇಳಬೇಕು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ನಗರದಲ್ಲಿ ಬಾಂಬುಗಳು ಸಿಡಿದ ಬಳಿಕ, ಅಪರಾಧಿಗಳನ್ನು ಬೆನ್ನಟ್ಟುತ್ತಿದ್ದ ಪೊಲೀಸರ ಮಾತನ್ನು ಅಸಂಖ್ಯ ಜನರು ಹೀಗೆಯೇ ಮನೆಯಲ್ಲಿ ಕುಳಿತು ಕೇಳಿದರು. ಆ ರಾತ್ರಿ, ಪೊಲೀಸರ ಬಾನುಲಿಯಲ್ಲಿಯೇ ಕೇಳಿಬಂತೆಂದು ಹೇಳಿ, ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರನ್ನು ಅಪರಾಧಿಯದೆಂದು ಲೋಕಕ್ಕೆಲ್ಲ ಹಬ್ಬಿಸಿದರು. ಆತನಿಗೂ ಆ ಕೃತ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒಂದು ತಿಂಗಳ ಹಿಂದೆಯೇ ಕಾಣೆಯಾಗಿದ್ದ ಆತನನ್ನು ಮನೆಯವರು ಹುಡುಕುತ್ತಿದ್ದರು. ಕೆಲವೇ ದಿನಗಳಲ್ಲಿ ಆತನ ಶವವು ದೊರೆಯಿತು. ಮಗನನ್ನು ಕಳೆದುಕೊಂಡವರು ಅದರ ಮೇಲೆ ಈ ಅಪವಾದವನ್ನೂ ಹೊರಬೇಕಾಯಿತು.

ನಮ್ಮ ದೇಶದಲ್ಲಿಯಂತೂ ಕಾಯಿದೆಯೇ ಇದಕ್ಕೆ ಅಡ್ಡವಾಗಿದೆ. ಪರರ ಸಂದೇಶವನ್ನು ಅಕ್ರಮವಾಗಿ ನಡುವೆ ಹಿಡಿಯುವವನಿಗೆ 2023ರ ದೂರಸಂಪರ್ಕ ಕಾಯಿದೆಯು ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಇದನ್ನು ತಿಳಿಸಿದಾಗ ಹುಡುಗನು ಪೊಲೀಸರ ಮಾತನ್ನು ಕೈಬಿಟ್ಟನು. ಆದರೆ ಬೋಟಿನವರ ಮಾತಿನ ವಿಷಯದಲ್ಲಿ ಅವನಿಗೆ ಸಮಾಧಾನವಾಗಲಿಲ್ಲ. "ಅದರಿಂದ ಉಪಕಾರವೇ ಅಲ್ಲವೆ, ಮಾಷ್ಟ್ರೇ?" ಎಂದು ಕೇಳಿದನು.

ಅವನ ಪ್ರಶ್ನೆಗೆ ಬಲ ಬಂದುದು ಬೇರೊಂದು ಕಡೆಯಿಂದ. ಬೊಕ್ಕಪಟ್ಣದಿಂದ ನಮ್ಮ ಬೀದಿಗೆ ಮೀನು ತರುವ ಹೆಂಗಸೊಬ್ಬಳು ಈ ಯಂತ್ರದ ಸುದ್ದಿಯನ್ನು ಕೇಳಿದ್ದಳು. ಆಕೆ ಬುಟ್ಟಿಯನ್ನು ಇಳಿಸಿ, "ಮಾಷ್ಟ್ರೇ, ಆ ಪೆಟ್ಟಿಗೆಯಲ್ಲಿ ಬೋಟಿನವರ ಮಾತು ಕೇಳುತ್ತದಂತೆ, ಹೌದಾ? ನನ್ನ ಮಗ ಹೋಗಿ ಎಂಟು ದಿನ ಆಯಿತು" ಎಂದಳು.

ಕಾಯಿದೆಯ ಮಾತನ್ನು ಎತ್ತಿ ಆಕೆಯನ್ನು ಕಳುಹಿಸಿಬಿಡಲು ನಮಗೆ ಮನಸ್ಸಾಗಲಿಲ್ಲ. ಈ ಕರಾವಳಿಯಲ್ಲಿ ಅಂತಹ ತಾಯಿಯ ಭಯವು ಕಲ್ಪಿತವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ಸಮುದ್ರದಲ್ಲಿ ನೌಕಾಪಡೆಯವರಿಗೆ ಕಂಡುದು 2019ರ ಮೇ ತಿಂಗಳಲ್ಲಿ. ಆ ನಾಲ್ಕು ತಿಂಗಳಿಗೂ ಮಿಕ್ಕ ಕಾಲ ನಾನಾ ಊಹೆಗಳು ಹಬ್ಬಿದವು. ಏಳು ಮನೆಗಳವರು ಪ್ರತಿಯೊಂದು ಊಹೆಯನ್ನೂ ಸುದ್ದಿಯೆಂದು ನಂಬಿ, ಮರುದಿನ ನಿರಾಶರಾಗಬೇಕಾಗಿತ್ತು.

ಆದುದರಿಂದ ನಾವು ಹುಡುಗನನ್ನು ಕರೆದು, ಮಾಳಿಗೆಯ ಆಂಟೆನಾಕ್ಕೆ ಬೋಟುಗಳ ಮಾತು ಎಷ್ಟು ದೂರದಿಂದ ತಲುಪೀತೆಂದು ಆಕೆಯ ಎದುರಿನಲ್ಲಿಯೇ ಕೇಳಿದೆವು. ಅವನು ಲೆಕ್ಕ ಹಾಕಿ, ಈ ಅಲೆಗಳು ಭೂಮಿಯ ಬಾಗನ್ನು ದಾಟಿ ಬಹು ದೂರ ಹೋಗಲಾರವಾದುದರಿಂದ 20 ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯಿತು ಎಂದನು. ವಾರಗಟ್ಟಲೆ ಆಳಸಮುದ್ರದಲ್ಲಿರುವ ಬೋಟು ಅದಕ್ಕಿಂತ ಎಷ್ಟೋ ಆಚೆ ಇರುತ್ತದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದರಲ್ಲಿ ಮಾತು ಕೇಳದಿದ್ದರೆ ನಾನು ಹೆದರಬೇಕಾಗಿಲ್ಲ, ಅಲ್ಲವಾ?" ಎಂದಳು.

ನಾವು ಕಾಯಿದೆಯಿಂದ ಹೇಳಲಾಗದುದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿದ್ದಳು. ಯಂತ್ರದ ಮೌನವು ಸಮುದ್ರದ ಮೌನವಲ್ಲ. ನೂರಾರು ಮನೆಗಳಲ್ಲಿ ಈ ದನಿಯು ಹರಿಯತೊಡಗಿದರೆ, ಕೇಳದ ಬೋಟು ಮುಳುಗಿತೆಂದು ಒಬ್ಬರೂ, ಅರ್ಧ ಕೇಳಿದ ಹೆಸರು ತಮ್ಮ ಮಗನದೆಂದು ಇನ್ನೊಬ್ಬರೂ ಭಾವಿಸುವರು. ಆಪತ್ತಿನ ಕೂಗನ್ನು ಕೇಳಲು ನಿಯುಕ್ತರಾದವರು ಬೇರೆಯೇ ಇರುವರು. ಸಮುದ್ರದಲ್ಲಿ ಆಪತ್ತಿನ ಕರೆಗೆಂದು 156.8 ಮೆಗಾಹರ್ಟ್ಸ್‌ನ 16ನೆಯ ಚಾನೆಲು ಮೀಸಲಾಗಿದೆ. ದೂರ ಹೋಗುವ ಬೋಟುಗಳಿಗಾಗಿ, ಉಪಗ್ರಹದ ಮೂಲಕ ಆಪತ್ತನ್ನು ತಿಳಿಸುವ ಯಂತ್ರವನ್ನು ಇಸ್ರೋ ಸಂಸ್ಥೆಯು ನಿರ್ಮಿಸಿದೆ. ತೀರದಲ್ಲಿದ್ದವರು ಕರಾವಳಿ ರಕ್ಷಣಾಪಡೆಯನ್ನು 1554 ಎಂಬ ಸಂಖ್ಯೆಯಲ್ಲಿ ಕರೆಯಬಹುದು. ಹುಡುಗನು ಆ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬರೆದು ಆಕೆಗೆ ಕೊಟ್ಟನು. ದಕ್ಕೆಯಲ್ಲಿ ಬೋಟಿನ ಯಜಮಾನರನ್ನು ವಿಚಾರಿಸುವಂತೆ ನಾವು ಹೇಳಿದೆವು. ಹನ್ನೊಂದನೆಯ ದಿನ ಮಗನು ಬಂದನೆಂದು ಆಕೆಯೇ ಬಂದು ತಿಳಿಸಿದಳು.

ಹುಡುಗನ ಯಂತ್ರವು ಈಗಲೂ ಕೆಲಸ ಮಾಡುತ್ತಿದೆ. ಹವ್ಯಾಸಿಗಳ ಸಂಭಾಷಣೆಯಲ್ಲದೆ ಬೇರೆ ಯಾವುದಕ್ಕೂ ಅವನು ಅದನ್ನು ತಿರುಗಿಸುವುದಿಲ್ಲ. ಇಂತಹ ಅಗ್ಗದ ಯಂತ್ರಗಳು ಇನ್ನು ಮನೆಮನೆಗೂ ಬಂದಾವು. ಬರಲಿ, ಮಕ್ಕಳು ಅವುಗಳಿಂದ ವಿದ್ಯೆಯನ್ನು ಕಲಿಯಲಿ. ಆಕಾಶವು ಎಲ್ಲರದಾದರೂ, ಅದರಲ್ಲಿ ಹಾದುಹೋಗುವ ಮಾತು ಆಡಿದವನಿಗೂ ಅವನು ಯಾರಿಗಾಗಿ ಆಡಿದನೋ ಅವನಿಗೂ ಸೇರಿದ್ದು. ಕಿವಿಗೆ ಬಿದ್ದುದನ್ನೆಲ್ಲ ಬೀದಿಗೆ ಹೇಳಬಾರದೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಮಕ್ಕಳಿಗೆ ಕಲಿಸುತ್ತ ಬಂದಿರುವರು. ಯಂತ್ರವನ್ನು ಕೈಗೆ ಕೊಡುವ ದಿನವೇ ಆ ಪಾಠವನ್ನೂ ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.